ಮನೆ ಮುಂದಿನ ರಸ್ತೆ ಹಿಡಿದು ಮರಳುಗಾಡಿಗೆ

ವಿಜಯಪುರದಲ್ಲಿ ನಮ್ಮ ಮನೆಯಿಂದ ಹತ್ತು ನಿಮಿಷ ನಡೆದರೆ ಸೊಲ್ಲಾಪುರದ ಹೆದ್ದಾರಿ. ಹಳಬರ ಬಾಯಲ್ಲಿ ಅದು ಇನ್ನೂ ಹದಿಮೂರನೇ ನಂಬರ್ ರೋಡ್, ಬೋರ್ಡಿನ ಮೇಲೆ ಮಾತ್ರ ಈಗ 52. ಅಂಕೋಲೆಯಿಂದ ಹೊರಟ ಈ 52 ಹುಬ್ಬಳ್ಳಿ, ನಮ್ಮೂರು, ಸೊಲ್ಲಾಪುರ, ಧುಳೆ, ಇಂದೋರ್, ಕೋಟಾ, ಜೈಪುರ ದಾಟಿ ಪಂಜಾಬಿನ ಸಂಗ್ರೂರ್ ಮುಟ್ಟುತ್ತದೆ. ಮಗ ಮೊಬೈಲಿನಲ್ಲಿ ಬೆರಳು ಜಾರಿಸುತ್ತಾ ಇದನ್ನು ತೋರಿಸಿದ ದಿನವೇ ನನ್ನ ತಲೆಯಲ್ಲಿ ಹುಳ ಹೊಕ್ಕಿತು. ರಾಜಸ್ಥಾನದ ದಾರಿ ನಮ್ಮ ಓಣಿಯ ಬಾಯಿಂದಲೇ ಶುರುವಾಗುತ್ತದಲ್ಲ!

ಮೇ ತಿಂಗಳು ಅಲ್ಲಿಗೆ ಹೋಗುವ ತಿಂಗಳಲ್ಲ, ಅದು ಗೊತ್ತಿತ್ತು. ಆದರೆ ಮಕ್ಕಳ ಸೂಟಿ ಮತ್ತು ಕಾಕಾನ ರಜೆ ಎರಡೂ ಕೂಡಿಬಂದದ್ದು ಆಗಲೇ. "ನಮ್ಮೂರ ಬಿಸಲ ಏನ್ ಕಮ್ಮಿ ಐತೇನೋ ತಮ್ಮಾ? ಬಿಸಲಂದ್ರ ಏನಂತ ಅವರಿಗೇ ತೋರಿಸಿ ಬರೂಣು ನಡಿ" ಅಂದರು ಕಾಕಾ. ಅವ್ವ, ಕಾಕಾ, ಕಾಕು, ನಾನು, ಹೆಂಡತಿ, ಇಬ್ಬರು ಮಕ್ಕಳು. ಒಟ್ಟು ಏಳು ಜನ, ಒಂದು ಹಳೆ ಬೊಲೆರೊ.

ನಾನು ಹಾಕಿದ ಷರತ್ತು ಒಂದೇ. ನಸುಕಿನ ಮೂರೂವರೆಗೆ ಗಾಡಿ ಬಿಡಬೇಕು, ಹನ್ನೊಂದೂವರೆಗೆ ಎಲ್ಲಿದ್ದರೂ ನೆರಳು ಹಿಡಿಯಬೇಕು. ಬ್ಯಾಸಿಗೆಯಲ್ಲಿ ನಮ್ಮ ಹೊಲದ ಆಳುಗಳು ನಡೆಸುವ ಹೊತ್ತು ಇದೇ. ಬಿಸಿಲೇರುವ ಮೊದಲು ಕೆಲಸ, ಆಮೇಲೆ ಗಿಡದ ಬುಡ. ಅದನ್ನೇ ರಸ್ತೆಗೆ ತಂದಿದ್ದೆ, ಅಷ್ಟೇ. ಮೊದಲ ದಿನ ಮಧ್ಯಾಹ್ನದ ಹೊತ್ತಿಗೆ ಸಂಭಾಜಿನಗರ, ಅಂದರೆ ಮೊದಲಿನ ಔರಂಗಾಬಾದ್. ಮರುದಿನ ಇಂದೋರ್, ಅದರ ಮರುದಿನ ಚಿತ್ತೋಡ್, ನಾಲ್ಕನೇ ದಿನ ಜೋಧಪುರ. ದಿನಕ್ಕೆ ಮುನ್ನೂರರಿಂದ ನಾಲ್ಕುನೂರು ಕಿಲೋಮೀಟರ್. ವಯಸ್ಸಾದವರು ಜೊತೆಗಿದ್ದರೆ ಇದಕ್ಕಿಂತ ಹೆಚ್ಚು ಎಳೆಯಬಾರದು. ಸಂಭಾಜಿನಗರ ದಾಟಿದ ಮೇಲೆ 'ಕನ್ನಡ' ಅಂತಲೇ ಒಂದು ಊರು ಬರುತ್ತದೆ. ದೇವನಾಗರಿಯಲ್ಲಿ ಬರೆದ ಆ ಬೋರ್ಡಿನ ಕೆಳಗೆ ನಿಂತು ಎಲ್ಲರೂ ಫೋಟೊ ತೆಗೆಸಿಕೊಂಡೆವು. ಅದರಾಚೆಯ ಘಾಟಿನಲ್ಲಿ ಮಗಳು ಎರಡು ಸಲ ವಾಂತಿ ಮಾಡಿಕೊಂಡಳು.

ಊಟದ ಉಸ್ತುವಾರಿ ಕಾಕು ಅವರದು. ಹೊರಡುವ ಮುಂಚೆ ಮೂರು ದಿನ ಕೂತು ನೂರಿಪ್ಪತ್ತು ಖಡಕ್ ರೊಟ್ಟಿ ಬಡಿದಿದ್ದರು. ಜೊತೆಗೆ ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿ, ಒಂದು ಡಬ್ಬಿ ಮಾದಲಿ, ಒಂದು ಚೀಲ ಉಳ್ಳಾಗಡ್ಡಿ. ಬಿಸಿಲ ಪ್ರವಾಸಕ್ಕೆ ಇದಕ್ಕಿಂತ ಒಳ್ಳೆಯ ಬುತ್ತಿ ನನಗೆ ಗೊತ್ತಿಲ್ಲ. ರೊಟ್ಟಿ, ಚಟ್ನಿ, ಮಾದಲಿಯಲ್ಲಿ ನೀರಿನಂಶ ಕಮ್ಮಿ ಇರುವುದರಿಂದ ಬೇಗ ಹಳಸುವುದಿಲ್ಲ. ದಾರಿಯಲ್ಲಿ ಸಿಕ್ಕ ಮೊಸರಿಗೆ ರೊಟ್ಟಿ ಮುರಿದು ಹಾಕಿದರೆ ಊಟ ಮುಗಿಯಿತು. ಹಿಂದಿನ ಕಾಲದ ಲಾರಿಯವರು ಗಾಡಿಯ ಮುಂದೆ ಕಟ್ಟುತ್ತಿದ್ದಂಥ ಕ್ಯಾನ್ವಾಸಿನ ನೀರಿನ ಚೀಲ ಕಾಕಾನ ಮಾಳಿಗೆಯಲ್ಲಿತ್ತು, ಅದನ್ನೂ ತಂದೆವು. ಬಟ್ಟೆಯಿಂದ ಜಿನುಗಿದ ನೀರು ಆರುವಾಗ ಒಳಗಿನ ನೀರು ತಣ್ಣಗಾಗುತ್ತದೆ. ಗಾಳಿ ಒಣಗಿದಷ್ಟೂ ಈ ಉಪಾಯ ಚೆನ್ನಾಗಿ ನಡೆಯುತ್ತದೆ. ಜೋಧಪುರದ ಆಚೆ ಅದರ ನೀರು ಗಡಿಗೆಯ ನೀರಿನ ಹಾಗಿತ್ತು, ಪ್ಲಾಸ್ಟಿಕ್ ಬಾಟಲಿಯದು ಚಹಾದ ಹಾಗೆ.

ಜೋಧಪುರದಿಂದ ಜೈಸಲ್ಮೇರ್ ಸುಮಾರು 280 ಕಿಲೋಮೀಟರ್. ನಾಲ್ಕಕ್ಕೆ ಹೊರಟಿದ್ದರೆ ಒಂಬತ್ತಕ್ಕೆ ಮುಟ್ಟುತ್ತಿದ್ದೆವು. ಆದರೆ ಕಾಕಾನಿಗೆ ಅಲ್ಲಿಯ ಉಳ್ಳಾಗಡ್ಡಿ ಕಚೋರಿ ಬಿಸಿಬಿಸಿ ತಿಂದೇ ಹೊರಡಬೇಕಿತ್ತು, ಕಾಕುಗೆ ಬಾಂಧಣಿ ಸೀರೆ ನೋಡಬೇಕಿತ್ತು. ನನಗೂ ನಾಲ್ಕು ದಿನದ ನಿದ್ದೆ ಬಾಕಿ ಇತ್ತು, ಹೂಂ ಅಂದುಬಿಟ್ಟೆ. ಊರು ಬಿಟ್ಟಾಗ ಹತ್ತೂವರೆ.

ಪೋಖರಣ್ ದಾಟಿ ಅರ್ಧ ತಾಸಾಗಿರಬೇಕು, ಹಿಂದಿನ ಎಡಗಡೆಯ ಟೈರ್ ಢಂ ಅಂತು. ಗಾಡಿ ಓಲಾಡಿತು. ಬ್ರೇಕ್ ತುಳಿಯದೆ ಸ್ಟೇರಿಂಗ್ ಗಟ್ಟಿ ಹಿಡಿದು, ಆಕ್ಸಿಲೇಟರ್ ಬಿಟ್ಟು ತಾನಾಗಿ ನಿಲ್ಲಲು ಬಿಟ್ಟೆ. ತಪ್ಪು ನನ್ನದೇ. ಆ ಗಾಲಿಯಲ್ಲಿ ಎಲ್ಲೋ ಮೊಳೆ ಚುಚ್ಚಿ ಎರಡು ದಿನದಿಂದ ಗಾಳಿ ಇಳಿಯುತ್ತಿತ್ತು, ನಾನು ನೋಡಿರಲಿಲ್ಲ. ಬಿಸಿಲಿಗೆ ಗಾಳಿ ಹಿಗ್ಗಿ ಟೈರ್ ಒಡೆಯುತ್ತದೆ ಅಂತ ಹೆದರಿ ಗಾಳಿ ಕಮ್ಮಿ ಇಡುವವರು ಬಹಳ ಜನ. ನಡೆಯುವುದು ಉಲ್ಟಾ. ಗಾಳಿ ಕಮ್ಮಿಯಾದ ಟೈರಿನ ಮಗ್ಗುಲು ಸುತ್ತು ಸುತ್ತಿಗೂ ಮಡಚಿಕೊಂಡು ಒಳಗೇ ಕಾಯುತ್ತದೆ, ಭಾರ ತುಂಬಿದ ಗಾಡಿಯಲ್ಲಿ ಇನ್ನಷ್ಟು. ನಸುಕಿನಲ್ಲಿ, ಗಾಲಿ ತಣ್ಣಗಿರುವಾಗ, ಕಂಪನಿ ಹೇಳಿದಷ್ಟು ಗಾಳಿ ನೋಡಿಕೊಂಡು ಹೊರಡಬೇಕು. ಸ್ಟೆಪ್ನಿಯದನ್ನೂ.

ಮೊಬೈಲ್ 45 ಡಿಗ್ರಿ ತೋರಿಸುತ್ತಿತ್ತು. ನಮ್ಮೂರಲ್ಲಿ ಬಿಸಿಲಿಗೆ ಬೆವರು ಇಳಿಯುತ್ತದೆ, ಅಂಗಿ ಒದ್ದೆಯಾಗುತ್ತದೆ. ಇಲ್ಲಿ ಅಂಗಿ ಖಡಕ್ಕಾಗಿಯೇ ಇತ್ತು. ಬೆವರು ಬಂದದ್ದೇ ತಿಳಿಯದಂತೆ ಝಳ ಹೀರಿಬಿಡುತ್ತಿತ್ತು, ತುಟಿಗೆ ಉಪ್ಪು ಮಾತ್ರ ಹತ್ತುತ್ತಿತ್ತು. ನೀರಡಿಕೆ ಆದಾಗ ಕುಡಿಯೋಣ ಅಂದರೆ ಹೊತ್ತು ಮೀರಿರುತ್ತದೆ. ಗಡಿಯಾರ ನೋಡಿ ಕುಡಿಸಬೇಕು, ಚಿಟಿಕೆ ಉಪ್ಪು, ಸಕ್ಕರೆ ಹಾಕಿ. ನಾನು ಪಾನಾ ಹಿಡಿದವನು ಚೀರಿ ಬಿಟ್ಟೆ, ಅಂಗೈ ಚುರ್ ಅಂದಿತ್ತು. ಒದ್ದೆ ಟವೆಲ್ ಸುತ್ತಿ ನಟ್ಟು ಸಡಿಲಿಸಿದರೆ, ಜಾಕ್ ಏರಿಸಿದಷ್ಟೂ ಗಾಡಿ ಮೇಲೇಳದೆ ಜಾಕೇ ಉಸುಕಿನೊಳಗೆ ಇಳಿಯತೊಡಗಿತು. ಕಾಕು ರೊಟ್ಟಿ ಡಬ್ಬಿಯ ಕೆಳಗಿಟ್ಟಿದ್ದ ಹಲಗೆ ಎಳೆದು ಕೊಟ್ಟರು. ಅದರ ಮೇಲೆ ಜಾಕ್ ಕೂತಿತು. ಗಾಲಿ ಬದಲಿಸಿ ಕೆಳಗಿಳಿಸಿದರೆ ಸ್ಟೆಪ್ನಿ ಅರ್ಧ ಚಪ್ಪಟೆ!

ರಸ್ತೆಯ ಮಗ್ಗುಲಿಗೆ ಒಂದೇ ಒಂದು ಗಿಡ. ಅವ್ವ ಆಗಲೇ ಮಕ್ಕಳನ್ನು ಕರೆದುಕೊಂಡು ಅದರ ಬುಡದಲ್ಲಿ ಕೂತಿದ್ದಳು. ನಾನು ಹತ್ತಿರ ಹೋದಾಗ ಆಕೆ ತಲೆ ಮೇಲೆ ಸೆರಗು ಹೊದ್ದು ಗಿಡಕ್ಕೆ ಕೈ ಮುಗಿಯುತ್ತಿದ್ದಳು.

"ಏನಬೇ ಅವ್ವಾ?"

"ಕಣ್ಣ ಕಾಣೂದಿಲ್ಲೇನೋ? ಬನ್ನಿ ಗಿಡ ಇದು."

ನೋಡಿದರೆ ಹೌದು. ಅದೇ ಸಣ್ಣ ಎಲೆ, ಅದೇ ಬೂದು ತೊಗಟೆ, ಅಲ್ಲಲ್ಲಿ ಹಸಿರು ಕಾಯಿ ಇಳಿಬಿದ್ದಿದ್ದವು. ಸುತ್ತ ಎಲ್ಲ ಸುಟ್ಟು ಕರಕಾಗಿದ್ದಾಗ ಇದೊಂದು ಹಸಿರಾಗಿತ್ತು. ಜೋಧಪುರದಿಂದ ದಾರಿಯುದ್ದ ಇಂಥವನ್ನು ನೂರಾರು ನೋಡಿದ್ದೆ, ಯಾವುದೋ ಜಾಲಿ ಅಂದುಕೊಂಡಿದ್ದೆ. ಅವರ ಮಾತಿನಲ್ಲಿ ಇದು ಖೇಜ್ಡಿ, ರಾಜಸ್ಥಾನದ ರಾಜ್ಯವೃಕ್ಷ.

ಆಡು ಕಾಯುತ್ತಿದ್ದ ಒಬ್ಬ ಮುದುಕ ನಮ್ಮನ್ನು ನೋಡಿ ಬಂದ. ಕಾಕಾ ತಮ್ಮ ಬಿಜಾಪುರಿ ಹಿಂದಿಯಲ್ಲಿ "ಹಮ್‌ಕೂ ಪಾನಿ ಹೋನಾ" ಅಂದರು. ನಮ್ಮಲ್ಲಿ ಹೋನಾ ಅಂದರೆ ಬೇಕು, ಅವನಿಗೆ 'ಇರುವುದು, ಆಗುವುದು' ಅಂತ ಕೇಳಿಸಿತು. "ಪಾನಿ ತೋ ಹೈ" ಅಂದ. ಕಾಕಾ ಮತ್ತೆ ಜೋರಾಗಿ, "ಹೋನಾ, ಹೋನಾ!" ಮುದುಕ ಮತ್ತೆ ತಲೆಯಾಡಿಸಿ, "ಹಾಂ, ಹೈ, ಹೈ." ಅಷ್ಟು ಸಂಕಟದಲ್ಲೂ ನನ್ನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಕೊನೆಗೆ ಮಗ ಶಾಲೆಯ ಹಿಂದಿಯಲ್ಲಿ "ಚಾಹಿಯೇ" ಅಂದ ಮೇಲೆ ಮುದುಕ ನಮ್ಮನ್ನು ಕರೆದುಕೊಂಡು ಹೊರಟ.

ಅವನ ಮನೆಯಂಗಳದಲ್ಲಿ ನೆಲಕ್ಕೆ ಗುಂಡಗೆ ಗಾರೆ ಮಾಡಿ, ನಡುವೆ ಸಣ್ಣ ಮುಚ್ಚಳ ಇಟ್ಟು ಕೀಲಿ ಹಾಕಿದ್ದರು. ಟಾಂಕಾ ಅನ್ನುತ್ತಾರೆ. ಸುತ್ತಲ ನೆಲವನ್ನು ಅದರತ್ತ ಇಳಿಜಾರು ಮಾಡಿ, ಬಿದ್ದ ಮಳೆಯನ್ನೆಲ್ಲ ಒಳಗೆ ಇಳಿಸಿಕೊಳ್ಳುತ್ತಾರೆ. ಆ ಕಡೆ ವರ್ಷಕ್ಕೆ 200 ಮಿಲಿಮೀಟರ್ ಆಸುಪಾಸು ಮಳೆ, ನಮಗೆ ಅದರ ಸುಮಾರು ಮೂರು ಪಟ್ಟು. ಮುದುಕ ಕೀಲಿ ತೆಗೆದು, ಹಗ್ಗ ಬಿಟ್ಟು ಒಂದು ಡಬ್ಬಿ ನೀರು ಸೇದಿ, ಚೆಲ್ಲಿದ ಹನಿಯನ್ನು ಬೆರಳಿಂದ ಮುಚ್ಚಳದ ಒಳಗೆ ತಳ್ಳಿದ. ಅವ್ವ ನೋಡುತ್ತಲೇ ಇದ್ದಳು. 1620ರಲ್ಲಿ ಕಟ್ಟಿಸಿದ ತಾಜ್ ಬಾವಡಿ ನಮ್ಮೂರಲ್ಲಿದೆ, ಆಕೆ ಅದರ ನೀರು ಹೊತ್ತವಳು. "ಅಷ್ಟ ದೊಡ್ಡ ಬಾವಡ್ಯಾಗ ನಾವು ಕಸಾ ಒಗದಿದ್ವಿ. ಇಂವ ನೋಡು, ಕೀಲಿ ಹಾಕ್ಯಾನ" ಅಂದಳು.

ಪಂಕ್ಚರಿನವನು ಮುದುಕನ ಮಗನ ಬೈಕಿನಲ್ಲಿ ಬಂದು ಸ್ಟೆಪ್ನಿಗೆ ಗಾಳಿ ತುಂಬಿದಾಗ ನಾಲ್ಕು ಗಂಟೆ. ಅಷ್ಟರಲ್ಲಿ ಸಜ್ಜಿ ರೊಟ್ಟಿ, ಜೊತೆಗೊಂದು ಪಲ್ಯ ಬಂತು. ರೊಟ್ಟಿ ನಮ್ಮದೇ, ಸ್ವಲ್ಪ ದಪ್ಪ. ಪಲ್ಯ ಏನೆಂದು ಕೇಳಿದರೆ ಮುದುಕ ಗಿಡದ ಕಡೆ ಕೈ ತೋರಿಸಿದ. ಅದೇ ಬನ್ನಿಕಾಯಿ, ಅವರ ಸಾಂಗ್ರಿ. ಕಾಕಾ ತುತ್ತು ಕೆಳಗಿಟ್ಟರು.

ಜೈಸಲ್ಮೇರ್ ಬಗ್ಗೆ ಹೆಚ್ಚು ಬರೆಯುವುದಿಲ್ಲ. 1156ರ ಆ ಹಳದಿ ಕಲ್ಲಿನ ಕೋಟೆಯೊಳಗೆ ಇಂದಿಗೂ ಜನ ಸಂಸಾರ ಮಾಡುತ್ತಾರೆ. ಗೋಳಗುಮ್ಮಟದ ಕರಿಕಲ್ಲು ನೋಡಿ ಬೆಳೆದ ಮಕ್ಕಳು "ಪಪ್ಪಾ, ಅರಿಷಿಣದ ಕೋಟಿ" ಅಂದರು. ಸಮ್‌ನ ಮರಳುದಿಬ್ಬಕ್ಕೆ ಸಂಜೆ ಆರಕ್ಕೆ ಹೋದೆವು. ಕಾಲಿಗೆ ಇನ್ನೂ ಕಾದಿದ್ದ ಅದೇ ಉಸುಕು ರಾತ್ರಿ ಹತ್ತಕ್ಕೆ ತಣ್ಣಗಾಗಿತ್ತು. ಅವ್ವ ಅದರ ಮೇಲೆ ಚಾದರ ಹಾಸಿ ಮಲಗಿ, ಮೊಣಕಾಲು ನೋಯಲಿಲ್ಲ ಅಂದಳು.

ವಾಪಸ್ ಬರುವಾಗ ಮತ್ತೆ ಮೂರೂವರೆಯ ಹೊತ್ತೇ ಹಿಡಿದೆವು, ಯಾರೂ ತಕರಾರು ಎತ್ತಲಿಲ್ಲ. ಅವ್ವನ ಹಟಕ್ಕೆ ಜೋಧಪುರದ ಹತ್ತಿರದ ಖೇಜಡ್ಲಿಗೂ ಹೋದೆವು. 1730ರಲ್ಲಿ ಅರಮನೆಯ ಸುಣ್ಣದ ಭಟ್ಟಿಗೆ ಬನ್ನಿ ಗಿಡ ಕಡಿಯಲು ರಾಜನ ಆಳುಗಳು ಬಂದಾಗ, ಅಮೃತಾದೇವಿ ಅನ್ನುವ ಬಿಷ್ಣೋಯಿ ಸಮುದಾಯದ ಹೆಂಗಸು ಗಿಡ ತಬ್ಬಿ ನಿಂತು ಕೊಡಲಿಗೆ ತಲೆ ಕೊಟ್ಟಳು. ಆಕೆಯ ಹಿಂದೆ ಒಬ್ಬರಾದ ಮೇಲೊಬ್ಬರು, ಒಟ್ಟು 363 ಜನ. ಅವ್ವ ಅಲ್ಲಿ ಬಹಳ ಹೊತ್ತು ಕೂತಿದ್ದಳು. ಬರುವಾಗ ಜೋಧಪುರದ ಬಜಾರಿನಲ್ಲಿ ಒಣಗಿಸಿದ ಸಾಂಗ್ರಿ ಒಂದು ಕಿಲೋ ಕಟ್ಟಿಸಿಕೊಂಡಳು.

ಊರಿಗೆ ಬಂದ ಮೇಲೆ ಅದನ್ನು ರಾತ್ರಿ ನೆನೆಸಿ, ಬೇಯಿಸಿ, ಶೇಂಗಾ ಪುಡಿ ಹಾಕಿ ಪಲ್ಯ ಮಾಡಿದ್ದಾಯಿತು. ಕಾಕಾ ಈಗಲೂ ಮುಟ್ಟುವುದಿಲ್ಲ. "ದಸರಾಕ್ಕ ಬಂಗಾರಂತ ಕೊಡೂ ಗಿಡದ್ದು ಪಲ್ಲ್ಯಾ ಮಾಡ್ತೀರೇನು?" ಅನ್ನುತ್ತಾರೆ.

"ಆ ಗಿಡದ ಸಲುವಾಗಿ ತಲಿ ಕೊಟ್ಟವರೇ ತಿಂತಾರ" ಅನ್ನುತ್ತಾರೆ ಕಾಕು, "ಕಚೋರಿ ಸಲುವಾಗಿ ಟೈರ್ ಕೊಟ್ಟವರಿಗೆ ಏನಾಗ್ತೈತ್ರಿ?"

ಡಬ್ಬಿಯಲ್ಲಿ ಇನ್ನೂ ಅರ್ಧ ಕಿಲೋ ಉಳಿದಿದೆ.