ಯಾವ ಕುರ್ಚಿ ಖಾಲಿಯಿದೆ ಎಂದು ಮೊದಲು ಕೇಳಿ: ವಿಶ್ವವಿದ್ಯಾಲಯದ ಆರ್ಕೆಸ್ಟ್ರಾ ಮತ್ತು ಸ್ಕಾಲರ್‌ಶಿಪ್

ಚೆನ್ನಾಗಿ ನುಡಿಸುವವರಿಗೆ ಸಂಗೀತದ ಸ್ಕಾಲರ್‌ಶಿಪ್ ಸಿಗುತ್ತದೆ ಎಂಬುದು ಅರ್ಧ ನಿಜ. ಯಾವ ಕುರ್ಚಿ ಖಾಲಿಯಾಗುತ್ತಿದೆಯೋ ಆ ವಾದ್ಯದವರಿಗೆ ಸಿಗುತ್ತದೆ ಎಂಬುದು ಉಳಿದರ್ಧ. ಬ್ರಾಮ್ಸ್‌ನ ಸಿಂಫನಿ ಹಾಕಿಕೊಳ್ಳಬೇಕಾದರೆ ಎರಡು ಫ್ಲೂಟ್, ಎರಡು ಓಬೋ, ಎರಡು ಕ್ಲಾರಿನೆಟ್, ಎರಡು ಬಸೂನ್, ನಾಲ್ಕು ಹಾರ್ನ್ ಬೇಕೇ ಬೇಕು. ಫ್ಲೂಟಿಗೆ ಅರ್ಜಿಗಳ ಸಾಲೇ ನಿಂತಿರುತ್ತದೆ, ಬಸೂನಿಗೆ ಕೆಲವು ವರ್ಷ ಯಾರೂ ಇರುವುದಿಲ್ಲ. ಕೊನೆಯ ವರ್ಷದ ಬಸೂನ್ ವಿದ್ಯಾರ್ಥಿ ಪದವಿ ಮುಗಿಸಿ ಹೊರಟರೆ ವಿಭಾಗದ ಕೈಯಲ್ಲಿರುವ ಹಣ ಆ ಕಡೆಗೇ ಹರಿಯುತ್ತದೆ. ನಾನು ನುಡಿಸುವ ವಯೋಲಾ (ಪಿಟೀಲಿಗಿಂತ ತುಸು ದೊಡ್ಡ, ತಗ್ಗಿನ ಸ್ವರದ ವಾದ್ಯ), ಡಬಲ್ ಬಾಸ್, ಓಬೋ, ಹಾರ್ನ್ ಇವೆಲ್ಲ ಹೆಚ್ಚುಕಡಿಮೆ ಇದೇ ಸಾಲಿನವು.

ಆದ್ದರಿಂದ ಅರ್ಜಿ ತುಂಬುವ ಮುಂಚೆ ಆಯಾ ವಾದ್ಯದ ಪ್ರಾಧ್ಯಾಪಕರಿಗೆ ಒಂದು ಇಮೇಲ್ ಹೋಗಬೇಕು. ನಾಲ್ಕೈದು ಸಾಲು ಸಾಕು: ಏನು ನುಡಿಸುತ್ತೀರಿ, ಈಗ ಯಾವ ಕೃತಿ ಕೈಯಲ್ಲಿದೆ, ಮುಂದಿನ ವರ್ಷ ನಿಮ್ಮ ವಾದ್ಯದಲ್ಲಿ ಎಷ್ಟು ಜಾಗ ತೆರವಾಗುತ್ತದೆ, ಪ್ರಾಯೋಗಿಕವಾಗಿ ಒಂದು ಪಾಠ ಹೇಳಿಕೊಡಲು ಸಾಧ್ಯವೇ. ಆ ಪಾಠವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ಅರ್ಧ ಆಡಿಷನ್ ಅಲ್ಲೇ ಮುಗಿದಿರುತ್ತದೆ. ಗುರುಗಳು ನೋಡುವುದು ನಿಮ್ಮ ಕೈಚಳಕವನ್ನಲ್ಲ, ಹೇಳಿದ ತಿದ್ದುಪಡಿ ಎರಡನೇ ಸಲಕ್ಕೇ ಕೈಗೆ ಬರುತ್ತದೆಯೇ ಎಂದು. 'ಗೊತ್ತಾಯಿತು' ಎಂದು ತಲೆಯಾಡಿಸಿ ಮೊದಲಿನಂತೆಯೇ ನುಡಿಸುವವರನ್ನು ನಾಲ್ಕು ವರ್ಷ ಕೂರಿಸಿಕೊಳ್ಳಲು ಯಾರಿಗೂ ಮನಸ್ಸಾಗುವುದಿಲ್ಲ.

ಪಿಟೀಲಿನಿಂದ ವಯೋಲಾಕ್ಕೆ ಬರುವ ಯೋಚನೆಯಿದ್ದರೆ ಅದಕ್ಕೂ ಮುಂಚೆಯೇ ಬನ್ನಿ. ಆಲ್ಟೊ ಕ್ಲೆಫ್ (ವಯೋಲಾದ ಸ್ವರಲಿಪಿಯ ಗುರುತು) ಓದುವುದು ಕೆಲವು ವಾರಗಳ ಕೆಲಸ, ನಿಜವಾದ ತೊಡಕು ಕಮಾನಿನಲ್ಲಿದೆ. ಪಿಟೀಲಿನ ಕಮಾನು ಸುಮಾರು 60 ಗ್ರಾಂ, ವಯೋಲಾದ್ದು 70. ದಪ್ಪನೆಯ ಸಿ ತಂತಿ ತಡವಾಗಿ ಮಾತಾಡುತ್ತದೆ. ಪಿಟೀಲಿನ ಅಭ್ಯಾಸದಲ್ಲೇ ಎಳೆದರೆ ಸ್ವರದ ಮೊದಲ ತುಣುಕು ಬರೀ ಉಸಿರಾಗಿ ಹೋಗುತ್ತದೆ. ಕಮಾನನ್ನು ನಿಧಾನಿಸಿ ತೋಳಿನ ಭಾರ ಬಿಡಬೇಕು.

ಇನ್ನು ಹಣದ ವಿಷಯ. ಮೂರು ಬಗೆ ಇದೆ, ಮೂರನ್ನೂ ಕಲಸಿಕೊಳ್ಳಬಾರದು. ಸಂಗೀತವನ್ನೇ ಮುಖ್ಯ ವಿಷಯವಾಗಿ ಓದುವವರಿಗೆ ವಿಭಾಗ ಕೊಡುವುದು ಒಂದು. ಎಂಜಿನಿಯರಿಂಗೋ ಜೀವಶಾಸ್ತ್ರವೋ ಓದುತ್ತ ಆರ್ಕೆಸ್ಟ್ರಾದಲ್ಲಿ ನುಡಿಸುವವರಿಗೆ ಕೊಡುವ, ಮೊತ್ತದಲ್ಲಿ ಸಾಮಾನ್ಯವಾಗಿ ಚಿಕ್ಕದಾದ ಸ್ಕಾಲರ್‌ಶಿಪ್ ಇನ್ನೊಂದು; ಇದು ಇದೆಯೆಂದೇ ಬಹಳ ಜನರಿಗೆ ಗೊತ್ತಿರುವುದಿಲ್ಲ. ಸ್ನಾತಕೋತ್ತರದವರಿಗೆ ಕೆಲಸಕ್ಕೆ ಪ್ರತಿಯಾಗಿ ಶುಲ್ಕ ಮನ್ನಾ ಮಾಡಿ ಮಾಸಿಕ ಭತ್ಯೆ ಕೊಡುವ ಅಸಿಸ್ಟೆಂಟ್‌ಶಿಪ್ ಮೂರನೆಯದು. ಅಮೆರಿಕದಲ್ಲಾದರೆ ಪದವಿಗೆ ಓದುವವರ ಬೋಧನಾ ಶುಲ್ಕಕ್ಕೂ ಕಡ್ಡಾಯ ಪುಸ್ತಕಗಳಿಗೂ ಹೋಗುವ ಸ್ಕಾಲರ್‌ಶಿಪ್ಪಿಗೆ ತೆರಿಗೆಯಿಲ್ಲ, ವಸತಿ ಊಟಕ್ಕೆ ಹೋಗುವ ಭಾಗಕ್ಕೂ ಕೆಲಸದ ಭತ್ಯೆಗೂ ಇದೆ. ಬಜೆಟ್ ಹಾಕುವಾಗ ಇದನ್ನು ಮರೆತವರು ಮುಂದೆ ಪರದಾಡುತ್ತಾರೆ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ನಾನು ಬರಹದಲ್ಲಿ ಕೇಳಿ ಪಡೆಯುವುದು ಇಷ್ಟು: ಒಂದು ವರ್ಷಕ್ಕೋ ಪೂರ್ತಿ ಕೋರ್ಸಿಗೋ? ಮುಂದುವರಿಯಲು ಕನಿಷ್ಠ ಅಂಕ ಎಷ್ಟು? ಎಷ್ಟು ರಿಹರ್ಸಲ್ ತಪ್ಪಿದರೆ ಕೈಬಿಡುತ್ತಾರೆ? ಖಾಸಗಿ ಪಾಠದ ಶುಲ್ಕ ಇದರಲ್ಲೇ ಸೇರಿದೆಯೇ? ಶುಲ್ಕ ಏರಿದರೆ ಸ್ಕಾಲರ್‌ಶಿಪ್ಪೂ ಏರುತ್ತದೆಯೇ? ಹೊರಗಿನ ಬೇರೆ ಸ್ಕಾಲರ್‌ಶಿಪ್ ಬಂದರೆ ಇದನ್ನು ಕಡಿತಗೊಳಿಸುತ್ತಾರೆಯೇ? ಕೊನೆಯ ಪ್ರಶ್ನೆ ಕೇಳದೆ ಎರಡನ್ನೂ ಕೂಡಿ ಲೆಕ್ಕ ಹಾಕಿಕೊಂಡರೆ, ಒಂದು ಕೈಯಲ್ಲಿ ಬಂದದ್ದು ಇನ್ನೊಂದು ಕೈಯಿಂದ ಹೋಗಬಹುದು. ವಿಜ್ಞಾನ ಓದುವವರು ಇನ್ನೊಂದನ್ನು ನೋಡಬೇಕು. ಪ್ರಯೋಗಾಲಯದ ತರಗತಿ ಮಧ್ಯಾಹ್ನ, ರಿಹರ್ಸಲ್ಲೂ ಮಧ್ಯಾಹ್ನ. ಕೋರ್ಸುಗಳಿಗೆ ಹೆಸರು ಕೊಡುವಾಗ ರಿಹರ್ಸಲ್ ವೇಳೆಯನ್ನು ಮೊದಲು ಕೂರಿಸಿ, ಉಳಿದದ್ದನ್ನು ಅದರ ಸುತ್ತ ಹೊಂದಿಸಿ.

ಅನೇಕ ಕಡೆ ಮೊದಲ ಸುತ್ತು ವಿಡಿಯೊ ರೆಕಾರ್ಡಿಂಗ್. ಒಂದು ಕೃತಿ, ಒಂದೇ ಟೇಕ್, ನಡುವೆ ಕತ್ತರಿ ಕೂಡದು. ಎರಡೂ ಕೈ, ಮುಖ, ಇಡೀ ಕಮಾನು ಚೌಕಟ್ಟಿನೊಳಗೆ ಕಾಣಬೇಕು. ಎಲ್ಲರೂ ಎಡವುವುದು ಧ್ವನಿಯಲ್ಲಿ. ಫೋನಿನ ಮೈಕು ಜೋರಾದದ್ದನ್ನು ತಾನಾಗಿ ತಗ್ಗಿಸಿ, ಮೆಲ್ಲನೆಯದನ್ನು ಎತ್ತುತ್ತದೆ. ನೀವು ತಿಂಗಳುಗಟ್ಟಲೆ ತಿದ್ದಿದ ಏರಿಳಿತವೆಲ್ಲ ರೋಲರ್ ಓಡಿಸಿದಂತೆ ಮಟ್ಟಸವಾಗಿ ಕೇಳುತ್ತದೆ. ತೀರ್ಪುಗಾರರಿಗೆ ನೀವು ಏರಿಳಿತವನ್ನೇ ಮಾಡಿಲ್ಲವೆಂದು ಅನಿಸುತ್ತದೆ. ಸ್ವಯಂಚಾಲಿತ ಗೇನ್ ಬಂದ್ ಮಾಡಬಹುದಾದ ಬೇರೆ ಮೈಕನ್ನು ಎರಡರಿಂದ ಮೂರು ಮೀಟರ್ ದೂರದಲ್ಲಿ, ತಲೆಗಿಂತ ಎತ್ತರದಲ್ಲಿ ನಿಲ್ಲಿಸಿ. ಅತಿ ಜೋರಾದ ಭಾಗವನ್ನು ಮೊದಲು ನುಡಿಸಿ ಮಟ್ಟ ಹೊಂದಿಸಿಕೊಳ್ಳಿ. ಒಂದೇ ದಿನ ಐದಾರು ಟೇಕ್ ಮೀರಬೇಡಿ. ಆಮೇಲಿನವು ಕೆಡುತ್ತಲೇ ಹೋಗುತ್ತವೆ.

ನೇರ ಆಡಿಷನ್ನಿನಲ್ಲಿ ಸೋಲೋ ಕೃತಿಯಷ್ಟೇ ಮುಖ್ಯವಾದದ್ದು ಆರ್ಕೆಸ್ಟ್ರಾದ ಆಯ್ದ ಭಾಗಗಳು. ನನ್ನ ಅಂದಾಜಿನಲ್ಲಿ ತಯಾರಿಯ ಸಮಯದ ಅರ್ಧಕ್ಕಿಂತ ಹೆಚ್ಚು ಇವಕ್ಕೇ ಹೋಗಬೇಕು. ಬೀಥೋವನ್‌ನ ಐದನೇ ಸಿಂಫನಿಯ ಎರಡನೇ ಭಾಗ ನೋಡಿ. ವಯೋಲಾ, ಚೆಲೋ ಎರಡೂ ಸೇರಿ ತೆರೆಯುವ ರಾಗ, ಕೇಳಲು ಸರಳ. ಬೀಥೋವನ್ ಸ್ವತಃ ಕೊಟ್ಟ ಮೆಟ್ರೊನೋಮ್ ಗುರುತು ನಿಮಿಷಕ್ಕೆ 92 ಎಂಟನೇ ಸ್ವರ (ಪೂರ್ಣ ಸ್ವರದ ಎಂಟನೇ ಒಂದು ಭಾಗದಷ್ಟು ಉದ್ದದ್ದು). ಬಹಳ ಜನ ಇದನ್ನು ಸೋಲೋ ಹಾಡಿನಂತೆ ಎಳೆಯುತ್ತಾರೆ. ಅದಕ್ಕಿಂತ ದೊಡ್ಡ ತಪ್ಪು ಚುಕ್ಕಿಯಿಟ್ಟ ಸ್ವರಗಳಲ್ಲಿ: ಉದ್ದ ಗಿಡ್ಡ ಸ್ವರಗಳ ಪ್ರಮಾಣ 3:1 ಇರಬೇಕು, ದಣಿದ ಕೈ ಅದನ್ನು 2:1ಕ್ಕೆ ಜಾರಿಸಿಬಿಡುತ್ತದೆ. ನುಡಿಸುವಾಗ ಇದು ನಮ್ಮ ಕಿವಿಗೆ ಬೀಳುವುದಿಲ್ಲ. ರೆಕಾರ್ಡ್ ಮಾಡಿ ಅರ್ಧ ವೇಗದಲ್ಲಿ ಕೇಳಿದರೆ ಮುಖಕ್ಕೆ ಹೊಡೆದಂತೆ ಗೊತ್ತಾಗುತ್ತದೆ. ಮದ್ದು ಇಷ್ಟೇ: ಉದ್ದ ಸ್ವರವನ್ನು ಮೂರು ಚಿಕ್ಕ ಸ್ವರಗಳಾಗಿ ಒಡೆದು ನುಡಿಸಿ, ಆಮೇಲೆ ಜೋಡಿಸಿ.

ಮೆಂಡೆಲ್‌ಸನ್‌ನ 'ಎ ಮಿಡ್‌ಸಮರ್ ನೈಟ್ಸ್ ಡ್ರೀಮ್' ಸಂಗೀತದ ಸ್ಕೆರ್ಟ್ಸೊ (ಚುರುಕಾದ, ಹಗುರವಾದ ಭಾಗ) ಬೇರೆಯೇ ಪಾಠ. ಅಲ್ಲಿ ಕಮಾನು ತಂತಿಯ ಮೇಲೆ ಪುಟಿಯಬೇಕು. 'ಮೊದಲು ನಿಧಾನ, ಆಮೇಲೆ ವೇಗ' ಎಂಬ ಹಳೆಯ ಮಾತು ಇಲ್ಲಿ ಪೂರ್ತಿ ನಡೆಯುವುದಿಲ್ಲ. ನಿಧಾನದಲ್ಲಿ ಕಮಾನನ್ನು ಕೈಯೇ ಎತ್ತಿ ಇಳಿಸಬೇಕು, ವೇಗದಲ್ಲಿ ಅದು ನಡುಭಾಗದ ಹತ್ತಿರ ತಾನೇ ಪುಟಿಯುತ್ತದೆ. ಎರಡೂ ಬೇರೆ ಚಲನೆಗಳು. ಎಡಗೈಗೆ ನಿಧಾನದ ಅಭ್ಯಾಸ ಕೊಡಿ. ಬಲಗೈಗೆ ಪೂರ್ಣ ವೇಗದಲ್ಲಿ ಒಂದೇ ಅಳತೆ (ಬಾರ್, ಅಂದರೆ ತಾಳದ ಒಂದು ಆವರ್ತ), ನಿಲ್ಲಿಸಿ, ಮತ್ತೊಂದು ಅಳತೆ. ಹಾಗೆ ಎರಡಕ್ಕೆ, ನಾಲ್ಕಕ್ಕೆ ಬೆಳೆಸಿ. ಇದೇ ಕೃತಿಯ ಕೊನೆಯಲ್ಲಿ ಫ್ಲೂಟಿನವರಿಗೆ ಉಸಿರೆಳೆಯಲು ಜಾಗವೇ ಸಿಗದ ಉದ್ದನೆಯ ಸೋಲೋ ಇದೆ, ಅವರ ಗೋಳು ನಮಗಿಂತ ದೊಡ್ಡದು.

ಎಲ್ಲ ಭಾಗಗಳೂ ಕೈಗೆ ಕೂತ ಮೇಲೆ ಚೀಟಿ ಎತ್ತಿ ಅಭ್ಯಾಸ ಮಾಡಿ. ಆಡಿಷನ್ನಿನಲ್ಲಿ ಯಾವುದಕ್ಕೂ ಎರಡನೇ ಅವಕಾಶವಿಲ್ಲ, ಆದ್ದರಿಂದ ದಿನಕ್ಕೊಮ್ಮೆಯಾದರೂ ಪ್ರತಿಯೊಂದನ್ನೂ ಒಂದೇ ಸಲ, ತಣ್ಣಗಿರುವ ಕೈಯಲ್ಲಿ ನುಡಿಸಿ ನೋಡಬೇಕು. ಶುರು ಮಾಡುವ ಮುಂಚೆ ಅತಿ ಕಷ್ಟದ ಅಳತೆಯನ್ನು ಮನಸ್ಸಿನಲ್ಲಿ ಹಾಡಿಕೊಂಡು ವೇಗ ಹಿಡಿಯಿರಿ. ಮೊದಲ ಅಳತೆ ಸುಲಭವಾಗಿದ್ದರೆ ಅದರ ಭರದಲ್ಲಿ ಹೊರಟು ಹತ್ತನೆಯದರಲ್ಲಿ ಮುಗ್ಗರಿಸುತ್ತೇವೆ. ಮೊದಲ ನೋಟದಲ್ಲೇ ಓದಿ ನುಡಿಸುವ ಸುತ್ತಿನಲ್ಲಿ ಕೊಡುವ ಅರ್ಧ ನಿಮಿಷವನ್ನು ಮೊದಲ ಸಾಲಿಗೇ ಕಳೆಯಬೇಡಿ. ಶ್ರುತಿಗುರುತು, ತಾಳ, ಅತಿ ಚಿಕ್ಕ ಸ್ವರಗಳಿರುವ ಜಾಗ, ಇಷ್ಟನ್ನು ಹುಡುಕಿ. ಸ್ವರ ತಪ್ಪಿದರೂ ಲಯ ನಿಲ್ಲಬಾರದು.

ಸೇರಿದ ಮೇಲೆ ಮೊದಲ ಆಘಾತ, ಕಿವಿಯನ್ನು ನಂಬಬಾರದೆಂಬುದು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ವೇದಿಕೆಯ ಆ ತುದಿ 15 ಮೀಟರ್ ದೂರವಿದ್ದರೆ ಅಲ್ಲಿನ ಸ್ವರ ನಿಮಗೆ ತಲುಪಲು 44 ಮಿಲಿಸೆಕೆಂಡ್ ಬೇಕು. ನಿಮಿಷಕ್ಕೆ 120 ಬಡಿತದ ವೇಗದಲ್ಲಿ ಹದಿನಾರನೇ ಸ್ವರದ (ಬಡಿತದ ಕಾಲು ಭಾಗ) ಉದ್ದ 125 ಮಿಲಿಸೆಕೆಂಡ್, ಅಂದರೆ ಅದರ ಮೂರನೇ ಒಂದು ಭಾಗದಷ್ಟು ತಡ. ಕೇಳಿ ನುಡಿಸಿದರೆ ನೀವು ಯಾವಾಗಲೂ ಹಿಂದೆ. ಹಿಂದಿನ ಸಾಲಿನವರು ಕಂಡಕ್ಟರ್ ಕೋಲಿನ ಜೊತೆಗೂ ಪಿಟೀಲಿನವರ ಮುಂದಾಳಾದ ಕಾನ್ಸರ್ಟ್‌ಮಾಸ್ಟರ್‌ನ ಕಮಾನಿನ ಜೊತೆಗೂ ಹೋಗಬೇಕು. ತಾವೇ ಮುಂದೆ ಓಡುತ್ತಿದ್ದೇವೆ ಅನಿಸಿದಾಗ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತಾರೆ.

ಎರಡನೆಯದು ಶ್ರುತಿ. ತಂಬೂರಿಯ ಹಾಗೆ ಒಂದೇ ಆಧಾರ ಸ್ವರ ಬೆನ್ನಿಗೆ ನಿಂತಿರುವುದಿಲ್ಲ. ಓಬೋ ಕೊಟ್ಟ ಎ ಸ್ವರಕ್ಕೆ ಎಲ್ಲರೂ ಹೊಂದಿಸಿಕೊಂಡರೂ, ದೀಪಗಳ ಬಿಸಿ ಏರಿದಂತೆ ಊದುವ ವಾದ್ಯಗಳು ಮೇಲೇರುತ್ತವೆ, ತಂತಿಗಳು ಸಡಿಲಾಗಿ ಇಳಿಯುತ್ತವೆ. ಗಾಳಿಯ ಕಂಬ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು ಮೂರು ಸೆಂಟ್ (ಅಕ್ಕಪಕ್ಕದ ಎರಡು ಸ್ವರಸ್ಥಾನಗಳ ಅಂತರದ ನೂರನೇ ಒಂದು ಭಾಗ ಒಂದು ಸೆಂಟ್) ಏರಿಕೆ. ಜೋರಾಗಿ ಊದಿದಾಗ ಫ್ಲೂಟ್ ಏರುತ್ತದೆ, ಕ್ಲಾರಿನೆಟ್ ಇಳಿಯುತ್ತದೆ. ಇದರ ಮೇಲೆ ಮೇಜರ್ ಸ್ವರಮೇಳದ (ಸ-ಗ-ಪ ಒಟ್ಟಿಗೆ ನುಡಿದಂತೆ) ಮೂರನೇ ಸ್ವರ, ಅಂದರೆ ಗ, ನಿಮ್ಮ ಪಾಲಿಗೆ ಬಂದರೆ ಅದನ್ನು ಟ್ಯೂನರ್ ತೋರಿಸುವುದಕ್ಕಿಂತ ಸುಮಾರು 14 ಸೆಂಟ್ ಕೆಳಗಿಟ್ಟರೇ ಒಳ್ಳೆಯದಾಗಿ ಕೇಳುತ್ತದೆ. ಟ್ಯೂನರಿನ ಹಸಿರು ದೀಪ ನೋಡಿಕೊಂಡು ಬೆಳೆದವರಿಗೆ ಇದನ್ನು ಒಪ್ಪಿಸುವುದೇ ಕಷ್ಟ.

ನುಡಿಸದೆ ಕೂರುವುದೂ ಒಂದು ವಿದ್ಯೆ. ಬೀಥೋವನ್‌ನ ಐದನೆಯದರಲ್ಲಿ ಟ್ರೊಂಬೋನಿಗೆ ಮೊದಲ ಮೂರು ಭಾಗಗಳಲ್ಲಿ ಕೆಲಸವೇ ಇಲ್ಲ, ನಾಲ್ಕನೆಯದರಲ್ಲಿ ಒಮ್ಮೆಲೇ ಪೂರ್ಣ ಶಕ್ತಿ. ಅಷ್ಟರಲ್ಲಿ ಲೋಹ ತಣ್ಣಗಾಗಿ ಶ್ರುತಿ ಇಳಿದಿರುತ್ತದೆ. ಪ್ರವೇಶಕ್ಕೆ ಒಂದೆರಡು ನಿಮಿಷ ಮುಂಚಿನಿಂದ ಸದ್ದಿಲ್ಲದೆ ಬಿಸಿಯುಸಿರು ಬಿಡುತ್ತಿರಬೇಕು. ಡ್ವೋರ್ಝಾಕ್‌ನ ಒಂಬತ್ತನೆಯದರಲ್ಲಿ ತಾಳದ ತಟ್ಟೆಗೆ ಇಡೀ ಸಿಂಫನಿಯಲ್ಲಿ ಒಂದೇ ಪೆಟ್ಟು. ವಿರಾಮ ಎಣಿಸುವಾಗ 'ಒಂದು ಎರಡು ಮೂರು ನಾಲ್ಕು, ಎರಡು ಎರಡು ಮೂರು ನಾಲ್ಕು' ಎಂದು ಅಳತೆಯ ಸಂಖ್ಯೆಯನ್ನೇ ಮೊದಲ ಬಡಿತಕ್ಕೆ ಹಾಕಿ. ಎಣಿಕೆ ತಪ್ಪುವುದು ಖಂಡಿತ, ಆದ್ದರಿಂದ ಪೂರ್ಣ ಸ್ಕೋರ್ (ಎಲ್ಲ ವಾದ್ಯಗಳ ಸ್ವರಗಳಿರುವ ಪ್ರತಿ) ನೋಡಿ ನಿಮ್ಮ ಪ್ರವೇಶಕ್ಕೆ ಮುಂಚೆ ಯಾವ ವಾದ್ಯ ಏನು ನುಡಿಸುತ್ತದೆಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.

ತಂತಿಯವರು ಇಬ್ಬರಿಗೊಂದು ಸ್ಟ್ಯಾಂಡ್. ಸಭಿಕರ ಕಡೆ ಕೂತವರು ನುಡಿಸುತ್ತಿರುತ್ತಾರೆ, ಒಳಗಡೆಯವರು ಪುಟ ತಿರುಗಿಸುತ್ತಾರೆ. ಕಮಾನಿನ ದಿಕ್ಕಿನ ಗುರುತು ಮುಂದಿನ ಸ್ಟ್ಯಾಂಡಿನಿಂದ ಹಿಂದಕ್ಕೆ ಹರಿದುಬರುತ್ತದೆ. ಬಂದ ಕೂಡಲೇ ಬರೆಯಿರಿ, ಬಾಯಲ್ಲಿ ಚರ್ಚೆ ಬೇಡ. ಮೆತ್ತನೆಯ ಪೆನ್ಸಿಲ್ ಮಾತ್ರ, ಪೆನ್ ಎಂದೂ ಇಲ್ಲ. ಹಾಳೆಗಳು ಬಹುಪಾಲು ಬಾಡಿಗೆಯವು ಅಥವಾ ಗ್ರಂಥಾಲಯದವು.

ವಯೋಲಾದವರ ಕುರ್ಚಿ ಬಹಳ ಕಡೆ ಹಿತ್ತಾಳೆ ವಾದ್ಯಗಳ ಎದುರಿಗೇ ಬೀಳುತ್ತದೆ, ಕಿವಿ ಕಾಪಾಡಿಕೊಳ್ಳಲೇಬೇಕು. 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಡೆಯಬಹುದೆಂಬುದು ವೃತ್ತಿಸುರಕ್ಷತೆಯ ಲೆಕ್ಕ, ಪ್ರತಿ ಮೂರು ಡೆಸಿಬೆಲ್‌ಗೆ ಸಮಯ ಅರ್ಧವಾಗುತ್ತದೆ. 94 ಆದರೆ ಒಂದೇ ಗಂಟೆ. ಸ್ಪಂಜಿನ ಬಿರಡೆ ಮೇಲಿನ ಸ್ವರಗಳನ್ನೇ ಹೆಚ್ಚು ನುಂಗುತ್ತದೆ; ಆಗ ಸ್ಪಷ್ಟತೆ ಕಾಣದೆ ನಾವು ಇನ್ನೂ ಒತ್ತಿ ನುಡಿಸುತ್ತೇವೆ, ಭುಜ ಹಿಡಿಯುತ್ತದೆ. ಎಲ್ಲ ಸ್ವರಗಳನ್ನೂ ಸಮನಾಗಿ 9 ಅಥವಾ 15 ಡೆಸಿಬೆಲ್ ತಗ್ಗಿಸುವ ಸಂಗೀತಗಾರರ ಬಿರಡೆ ಕೊಳ್ಳಿ. ಹಾಕಿಕೊಂಡು ನುಡಿಸಲು ರೂಢಿಯಾಗುವುದಕ್ಕೆ ಕೆಲವು ವಾರ ಬೇಕು, ಕಛೇರಿಯ ದಿನ ಮೊದಲ ಬಾರಿಗೆ ತೊಟ್ಟರೆ ಕೆಟ್ಟಿರಿ.

ಸ್ಕಾಲರ್‌ಶಿಪ್ ಮುಂದುವರಿಯಲು ಸೆಮಿಸ್ಟರ್ ಕೊನೆಯ ಪರೀಕ್ಷಕರ ಮುಂದಿನ ವಾದನ, ಹಾಜರಿ, ಅಂಕ, ಈ ಮೂರೂ ನಿಲ್ಲಬೇಕು. ಸಾಮಾನ್ಯವಾಗಿ ಹೊಡೆತ ಬೀಳುವುದು ಅಂಕದಿಂದ, ಕಛೇರಿಯ ವಾರವೇ ಬೇರೆ ವಿಷಯಗಳ ಪರೀಕ್ಷೆಯೂ ಬಂದು ಕೂರುವುದರಿಂದ. ವರ್ಷದ ಕಛೇರಿಗಳ ದಿನಾಂಕ ಮೊದಲ ವಾರದಲ್ಲೇ ಗೊತ್ತಾಗಿಬಿಡುತ್ತದೆ. ಅವನ್ನು ಪಟ್ಟಿ ಮಾಡಿ, ಘರ್ಷಣೆ ಕಂಡಲ್ಲಿ ಆ ವಾರವೇ ಉಪನ್ಯಾಸಕರ ಬಳಿ ಹೋಗಿ ಪರೀಕ್ಷೆಯ ದಿನ ಬದಲಿಸಲು ಕೇಳಿ. ಎರಡು ತಿಂಗಳು ಮುಂಚೆ ಕೇಳಿದರೆ ಒಪ್ಪುವವರು, ಎರಡು ದಿನ ಮುಂಚೆ ಕೇಳಿದರೆ ಒಪ್ಪುವುದಿಲ್ಲ.