ಪರಾಗದ ಅಲರ್ಜಿಯೇ? ಮದ್ದು ಹುಡುಕುವ ಮೊದಲು ಮೂಗು ತೊಳೆಯಿರಿ

ಬೆಳಿಗ್ಗೆ ಕಣ್ಣು ಬಿಟ್ಟ ತಕ್ಷಣ ಒಂದರ ಹಿಂದೆ ಒಂದು ಸೀನು. ಆಮೇಲೆ ಮೂಗಿನಿಂದ ನೀರು, ಕಣ್ಣಲ್ಲಿ ತುರಿಕೆ, ಅಂಗುಳಲ್ಲೂ ಒಂಥರಾ ಕೆರೆತ. ಜ್ವರ ಇಲ್ಲ, ಮೈಕೈ ನೋವಿಲ್ಲ. ಹೋದ ವರ್ಷವೂ ಇದೇ ಹೊತ್ತಿಗೆ ಹೀಗೇ ಆಗಿತ್ತಲ್ಲ ಅಂತ ನೆನಪಾಯಿತಾ? ಹಾಗಾದರೆ ಇದು ಬರೀ ನೆಗಡಿ ಇರಲಿಕ್ಕಿಲ್ಲ. ನೆಗಡಿ ವಾರ ಹತ್ತು ದಿನ ಕಾಡಿ ಹೊರಟುಹೋಗುತ್ತದೆ. ಪರಾಗದ ಅಲರ್ಜಿ ಹಾಗಲ್ಲ, ಆ ಗಿಡಗಳು ಪರಾಗ ಉದುರಿಸುವಷ್ಟು ದಿನವೂ ಇರುತ್ತದೆ. ಸಿಂಬಳ ನೀರಿನಷ್ಟೇ ತಿಳಿಯಾಗಿರುತ್ತದೆ, ತುರಿಕೆ ಮಾತ್ರ ಬಿಡುವುದೇ ಇಲ್ಲ.

ಒಳಗೆ ಆಗುವುದು ಇಷ್ಟು. ನಿಮ್ಮ ದೇಹ ಯಾವುದೋ ಒಂದು ಗಿಡದ ಪರಾಗವನ್ನು ಶತ್ರು ಅಂತ ತಪ್ಪು ತಿಳಿದು, ಅದರ ವಿರುದ್ಧ ಐಜಿಇ ಎಂಬ ಪ್ರತಿಕಾಯ ತಯಾರಿಸಿಕೊಂಡಿದೆ. ಮೂಗಿನ, ಕಣ್ಣಿನ ಒಳಪದರದಲ್ಲಿರುವ ಮಾಸ್ಟ್ ಕೋಶಗಳ ಮೇಲೆ ಈ ಪ್ರತಿಕಾಯ ಕಾದು ಕೂತಿರುತ್ತದೆ. ಅದೇ ಪರಾಗ ಮತ್ತೆ ಬಂದು ತಾಗಿದರೆ ಆ ಕೋಶಗಳು ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಹೊರಗೆ ಬಿಡುತ್ತವೆ. ಸೀನು, ನೀರು, ತುರಿಕೆ ಹೆಚ್ಚಿನಂಶ ಅದರದ್ದೇ ಕೆಲಸ.

ಅಂದಮೇಲೆ ಮೂಗಿಗೆ ಬೀಳುವ ಪರಾಗವೇ ಕಡಿಮೆಯಾದರೆ ಅರ್ಧ ಜಗಳ ಮುಗಿದ ಹಾಗೆ ಅಲ್ವಾ? ಆದರೆ ನೈಸರ್ಗಿಕ ಪರಿಹಾರ ಅಂತ ಕೇಳಿ ನೋಡಿ, ಜನ ಹೇಳುವುದೆಲ್ಲ ಕುಡಿಯುವ, ನೆಕ್ಕುವ, ನುಂಗುವ ಸಾಮಾನು. ನನ್ನ ಪ್ರಕಾರ ಈ ಕ್ರಮವೇ ತಲೆಕೆಳಗು. ಮನೆಯಲ್ಲಿ ಮಾಡಬಹುದಾದದ್ದರಲ್ಲಿ ನಂಬಿಕೆ ಇಡಬಹುದಾದವು ಎರಡೇ: ತಡೆಯುವುದು, ತೊಳೆಯುವುದು. ಹೊಟ್ಟೆಗೆ ಹಾಕುವುದು ಆಮೇಲಿನ ಮಾತು.

ಮೊದಲು ಯಾವ ಗಿಡ ಅಂತ ಪತ್ತೆ ಮಾಡಿ

ಕಣ್ಣಿಗೆ ಕಾಣುವ ಬಣ್ಣಬಣ್ಣದ ಹೂವಿನ ಮೇಲೆ ಸುಮ್ನೆ ಅನುಮಾನ ಪಡಬೇಡಿ. ಅಂಥ ಹೂವಿನ ಪರಾಗ ಅಂಟಂಟಾಗಿ, ಭಾರವಾಗಿ ಇರುತ್ತದೆ. ಜೇನು, ಚಿಟ್ಟೆ ಬಂದು ಹೊತ್ತೊಯ್ಯಬೇಕು, ಗಾಳಿಯಲ್ಲಿ ಅಷ್ಟಾಗಿ ಹಾರುವುದಿಲ್ಲ. ತೊಂದರೆ ಕೊಡುವುದು ಹೂ ಬಿಟ್ಟಿದೆ ಅಂತಲೇ ಗೊತ್ತಾಗದ ಹುಲ್ಲು, ಕಳೆ ಮತ್ತು ಕೆಲವು ಮರಗಳು. ಇವು ಗಾಳಿಯನ್ನೇ ನಂಬಿಕೊಂಡ ಗಿಡಗಳು, ಹಾಗಾಗಿ ಹಗುರವಾದ ಪರಾಗವನ್ನು ಲೆಕ್ಕವಿಲ್ಲದಷ್ಟು ಉದುರಿಸುತ್ತವೆ.

ಹಾಗಂತ ಮನೆ ಮುಂದಿನ ಒಂದು ಮರ ಕಡಿಸಿದರೆ ಎಲ್ಲ ಸರಿಹೋಗುತ್ತದೆ ಎಂದುಕೊಳ್ಳಬೇಡಿ. ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಚಾರ್ಲ್ಸ್ ಬ್ಲ್ಯಾಕ್ಲಿ ಎಂಬ ವೈದ್ಯರಿದ್ದರು, ಅವರಿಗೇ ಈ ಕಾಯಿಲೆ ಇತ್ತು. ಅಂಟು ಬಳಿದ ಗಾಜಿನ ಪಟ್ಟಿಯನ್ನು ಗಾಳಿಪಟಕ್ಕೆ ಕಟ್ಟಿ ಹಾರಿಸಿ, ಮೇಲಿನ ಗಾಳಿಯಲ್ಲೂ ಪರಾಗ ಇದೆ ಅಂತ ತೋರಿಸಿದರು. ತಮ್ಮ ಮೂಗಿನ ಮೇಲೇ ಪ್ರಯೋಗ ಮಾಡಿಕೊಂಡು, ಕಾಯಿಲೆಗೆ ಪರಾಗವೇ ಕಾರಣ ಎಂದು 1873ರಲ್ಲಿ ಪುಸ್ತಕ ಬರೆದರು. ಗಾಳಿಪಟದ ಎತ್ತರಕ್ಕೆ ಏರುವ ಪರಾಗ ಎಲ್ಲೆಲ್ಲಿಂದಲೋ ಬಂದಿರುತ್ತದೆ.

ನೀವು ಮಾಡಬೇಕಾದದ್ದು ಒಂದು ಡೈರಿ ಇಡುವುದು. ದಿನಾಂಕ, ಮೂಗು ಹೇಗಿತ್ತು, ಕಣ್ಣು ಹೇಗಿತ್ತು, ಗಾಳಿ ಇತ್ತಾ, ಮಳೆ ಬಂತಾ, ಎಲ್ಲಿ ಓಡಾಡಿದಿರಿ, ಇಷ್ಟು ಸಾಕು. ಚಳಿ ಪ್ರದೇಶಗಳಲ್ಲಿ ಸಾಮಾನ್ಯವಾಗಿ ವಸಂತದಲ್ಲಿ ಮರಗಳು, ಬೇಸಿಗೆ ಹೊತ್ತಿಗೆ ಹುಲ್ಲು, ಆಮೇಲೆ ಕಳೆಗಳು ಪರಾಗ ಬಿಡುತ್ತವೆ. ಬಿಸಿಲು ನಾಡುಗಳಲ್ಲಿ ಈ ಲೆಕ್ಕ ಇಷ್ಟು ಅಚ್ಚುಕಟ್ಟಾಗಿ ಸಿಗುವುದಿಲ್ಲ, ಹಾಗಾಗಿ ನಿಮ್ಮ ಡೈರಿಯೇ ನಿಮ್ಮ ಪಂಚಾಂಗ. ಖಚಿತವಾಗಿ ತಿಳಿಯಬೇಕು ಅಂದರೆ ಚರ್ಮದ ಮೇಲೆ ಚುಚ್ಚಿ ಮಾಡುವ ಪರೀಕ್ಷೆ ಅಥವಾ ರಕ್ತ ಪರೀಕ್ಷೆ ಇದೆ, ವೈದ್ಯರನ್ನು ಕೇಳಿ.

ಹೊತ್ತು ನೋಡಿ ಕಿಟಕಿ ತೆಗೆಯಿರಿ

ಬಿಸಿಲು, ಒಣಹವೆ, ಗಾಳಿ, ಮೂರೂ ಸೇರಿದ ದಿನ ಪರಾಗ ಜಾಸ್ತಿ. ಹುಲ್ಲುಗಳು ಹೆಚ್ಚಾಗಿ ಬೆಳಗಿನ ಹೊತ್ತಲ್ಲಿ ಪರಾಗ ಬಿಡುತ್ತವೆ. ಹೊತ್ತೇರಿದ ಹಾಗೆ ಅದು ಬಿಸಿ ಗಾಳಿಯ ಜೊತೆ ಮೇಲೇರಿ, ಸಂಜೆ ತಂಪಾದಾಗ ಮತ್ತೆ ಕೆಳಗಿಳಿಯುತ್ತದೆ. ಆ ಎರಡು ಹೊತ್ತು ಕಿಟಕಿ ಮುಚ್ಚಿಡಿ. ವಾಕಿಂಗು, ಓಟ ಇದ್ದರೆ ಒಳ್ಳೆ ಮಳೆ ಸುರಿದು ನಿಂತ ಮೇಲೆ ಹೋಗುವುದು ಉತ್ತಮ.

ಆದರೆ ಗುಡುಗು ಮಳೆ ಮಾತ್ರ ಬೇರೆ ಕಥೆ. ಬಿರುಗಾಳಿಯ ಹೊಡೆತಕ್ಕೆ, ತೇವಕ್ಕೆ ಪರಾಗದ ಕಣ ಒಡೆದು ಚೂರುಚೂರಾಗುತ್ತದೆ. ಇಡೀ ಕಣವಾದರೆ ಮೂಗಿನಲ್ಲೇ ಸಿಕ್ಕಿಕೊಳ್ಳುತ್ತದೆ, ಚೂರುಗಳು ನೇರ ಶ್ವಾಸಕೋಶಕ್ಕೆ ಇಳಿಯುತ್ತವೆ. 2016ರ ನವೆಂಬರ್ 21ರಂದು ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಹೀಗೇ ಆಗಿ ಸಾವಿರಾರು ಜನ ಉಸಿರು ಕಟ್ಟಿಕೊಂಡು ಆಸ್ಪತ್ರೆಗೆ ಓಡಿದರು, ಹತ್ತು ಮಂದಿ ತೀರಿಕೊಂಡರು. ಹಾಗಾಗಿ ಪರಾಗದ ಕಾಲದಲ್ಲಿ ಗುಡುಗು ಕೇಳಿದರೆ ಒಳಗೆ ಬಂದು ಬಾಗಿಲು ಹಾಕಿಕೊಳ್ಳಿ.

ಕಾರಿನಲ್ಲಿ ಗಾಜು ಏರಿಸಿ, ಒಳಗಿನ ಗಾಳಿಯೇ ಸುತ್ತುವ ಹಾಗೆ ಏಸಿ ಇಡಿ. ಮನೆಯಲ್ಲಿ ನೀರು ಹಾಕುವ ಕೂಲರ್ ಇದ್ದರೆ ಅದು ಹೊರಗಿನ ಗಾಳಿಯನ್ನು ಎಳೆದು ಒಳಗೆ ಬಿಡುತ್ತದೆ ಅನ್ನುವುದು ನೆನಪಿರಲಿ. ಹೊರಗೆ ಹೋಗಲೇಬೇಕಾದಾಗ ಮಾಸ್ಕ್ ಹಾಕಿಕೊಳ್ಳಿ. ಎನ್95 ಬೇಕೇ ಬೇಕು ಅಂತಿಲ್ಲ, ಪರಾಗದ ಕಣ ದೊಡ್ಡದು, ಮುಖಕ್ಕೆ ಸರಿಯಾಗಿ ಕೂರುವ ಸಾಮಾನ್ಯ ಸರ್ಜಿಕಲ್ ಮಾಸ್ಕಿಗೂ ಬಹುಪಾಲು ಸಿಕ್ಕಿಬೀಳುತ್ತದೆ. ಅಂಚಿನಲ್ಲೂ ಮುಚ್ಚಿಕೊಳ್ಳುವ ಕನ್ನಡಕ ಕಣ್ಣಿಗೆ ಒಳ್ಳೆಯದು.

ಮನೆಯೊಳಗೆ ಕಾಲಿಟ್ಟ ಮೇಲೆ

ಎಷ್ಟೋ ಜನ ತಪ್ಪುವುದು ಇಲ್ಲೇ. ಹಗಲೆಲ್ಲ ಕಿಟಕಿ ಮುಚ್ಚಿರುತ್ತಾರೆ, ಸಂಜೆ ಹೊರಗಿಂದ ಬಂದು ಅದೇ ಬಟ್ಟೆಯಲ್ಲಿ ಹಾಸಿಗೆ ಮೇಲೆ ಬೀಳುತ್ತಾರೆ. ಚಪ್ಪಲಿ ಹೊರಗೆ ಬಿಡಿ. ಬಟ್ಟೆ ಬದಲಿಸಿ, ಬಿಚ್ಚಿದ್ದನ್ನು ಮಲಗುವ ಕೋಣೆಯಲ್ಲಿ ನೇತುಹಾಕದೆ ಸೀದಾ ಒಗೆಯುವ ಬುಟ್ಟಿಗೆ ಹಾಕಿ. ಮುಖ ತೊಳೆಯಿರಿ, ರೆಪ್ಪೆಗೂದಲಿನ ಬುಡದ ತನಕ. ರಾತ್ರಿ ಮಲಗುವ ಮೊದಲು ತಲೆಗೆ ನೀರು ಹಾಕಿಕೊಂಡರೆ ಇನ್ನೂ ಒಳ್ಳೆಯದು, ಯಾಕೆಂದರೆ ಕೂದಲಲ್ಲಿ ಕೂತ ಪರಾಗ ದಿಂಬಿಗೆ ಹತ್ತಿ, ಬೆಳಗಿನವರೆಗೂ ಅದರಲ್ಲೇ ಮುಖ ಇಟ್ಟು ಉಸಿರಾಡುತ್ತಿರುತ್ತೀರಿ. ಎಣ್ಣೆ, ಜೆಲ್ ಹಚ್ಚಿದ ತಲೆಗೆ ಇನ್ನೂ ಜಾಸ್ತಿ ಅಂಟುತ್ತದೆ. ದಿನವೂ ತಲೆ ಸ್ನಾನ ಆಗದು ಅನ್ನುವವರು ಹೊರಗೆ ಹೋಗುವಾಗ ಬಟ್ಟೆ ಕಟ್ಟಿಕೊಳ್ಳಿ, ದಿಂಬಿನ ಕವರ್ ಬೇಗ ಬೇಗ ಬದಲಿಸಿ.

ಒಳಗೆ ಬಂದ ಪರಾಗ ಹಿಟ್ಟಿನ ಹಾಗೆ. ಗುಡಿಸಿದರೆ ಎದ್ದು ಹಾರುತ್ತದೆ, ಒದ್ದೆ ಬಟ್ಟೆಗೆ ಮಾತ್ರ ಸಿಗುತ್ತದೆ. ಹಾಗಾಗಿ ಪೊರಕೆಗಿಂತ ಒರೆಸುವ ಬಟ್ಟೆಗೆ ಕೆಲಸ ಕೊಡಿ, ಕಿಟಕಿಯ ಅಂಚು ಮರೆಯಬೇಡಿ. ಬೆರಳಾಡಿಸಿ ನೋಡಿದರೆ ಅಲ್ಲಿ ಸಣ್ಣಗೆ ಹಳದಿ ಪುಡಿ ಕೂತಿದ್ದು ಕಂಡರೂ ಕಾಣಬಹುದು. ಸಣ್ಣ ಸಣ್ಣ ಕಣವನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವ ಏರ್ ಪ್ಯೂರಿಫೈಯರ್ ಇದ್ದರೆ ಮಲಗುವ ಕೋಣೆಯಲ್ಲಿಡಿ. ಇಲ್ಲದಿದ್ದರೂ ಪ್ರಪಂಚ ಮುಳುಗುವುದಿಲ್ಲ. ಒಗೆದ ಬಟ್ಟೆ, ಅದರಲ್ಲೂ ಬೆಡ್‌ಶೀಟು, ಟವೆಲ್ಲು ಈ ಕಾಲದಲ್ಲಿ ಹೊರಗೆ ಒಣಹಾಕಬೇಡಿ. ಹೊರಗೆ ತಿರುಗುವ ನಾಯಿ, ಬೆಕ್ಕು ಇದ್ದರೆ ಒಳಗೆ ಬಂದಾಗ ಒದ್ದೆ ಬಟ್ಟೆಯಿಂದ ಮೈ ಒರೆಸಿ, ಹಾಸಿಗೆ ಮೇಲೆ ಮಾತ್ರ ಬಿಡಬೇಡಿ.

ಉಪ್ಪುನೀರಿನಲ್ಲಿ ಮೂಗು ತೊಳೆಯುವುದು

ಇಡೀ ಲೇಖನದಲ್ಲಿ ಒಂದನ್ನೇ ಮಾಡುತ್ತೀರಿ ಅಂದರೆ ಇದನ್ನು ಮಾಡಿ. ಯೋಗ ಬಲ್ಲವರು ಜಲನೇತಿ ಅನ್ನುತ್ತಾರೆ, ವೈದ್ಯರೂ ಬರೆದುಕೊಡುತ್ತಾರೆ. ಮೂಗಿನ ಗೋಡೆಗೆ ಅಂಟಿದ ಪರಾಗ, ಸಿಂಬಳ ಎರಡನ್ನೂ ನೀರು ಎತ್ತಿಕೊಂಡು ಹೋಗುತ್ತದೆ.

ನೀರಿನ ವಿಷಯದಲ್ಲಿ ರಾಜಿ ಬೇಡ. ನಲ್ಲಿ ನೀರು, ಬಾವಿ ನೀರು ಹಾಗೇ ಬಳಸಬಾರದು. ಸಿಹಿನೀರಿನಲ್ಲಿ ನೆಗ್ಲೇರಿಯಾ ಫೌಲೆರಿ ಎಂಬ ಅಮೀಬಾ ಇರಬಹುದು. ಕುಡಿದರೆ ಏನೂ ಮಾಡುವುದಿಲ್ಲ, ಮೂಗಿನಿಂದ ಹೋದರೆ ಮಿದುಳಿಗೆ ಹತ್ತುತ್ತದೆ, ಹತ್ತಿದರೆ ಬದುಕುವವರು ಬಹಳ ಕಡಿಮೆ. 2011ರಲ್ಲಿ ಅಮೆರಿಕದ ಲೂಯಿಸಿಯಾನದಲ್ಲಿ ನಲ್ಲಿ ನೀರಿನಿಂದ ಮೂಗು ತೊಳೆದುಕೊಂಡ ಇಬ್ಬರು ಹೀಗೇ ಸತ್ತರು. ಇದು ತೀರಾ ಅಪರೂಪ, ಆದರೆ ತಪ್ಪಿಸುವುದು ಸುಲಭ ಇರುವಾಗ ಯಾಕೆ ಅಪಾಯ ಮೈಮೇಲೆ ಎಳೆದುಕೊಳ್ಳಬೇಕು? ನೀರು ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಕುದಿಸಿ, ಎತ್ತರದ ಬೆಟ್ಟದ ಊರಾದರೆ ಮೂರು ನಿಮಿಷ. ಮುಚ್ಚಿಟ್ಟು ಆರಲು ಬಿಡಿ. ಇಲ್ಲವೇ ಡಿಸ್ಟಿಲ್ಡ್ ನೀರು ತನ್ನಿ.

ಸುಮಾರು 240 ಮಿಲಿ ಉಗುರುಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಐಯೋಡಿನ್ ಇಲ್ಲದ ಉಪ್ಪು, ಒಂದು ಚಿಟಿಕೆ ಅಡುಗೆ ಸೋಡಾ ಹಾಕಿ ಪೂರ್ತಿ ಕರಗಿಸಿ. ಉಪ್ಪು ಕಡಿಮೆಯಾದರೂ ಉರಿ, ಜಾಸ್ತಿಯಾದರೂ ಉರಿ. ಸರಿಯಾಗಿದ್ದರೆ ಏನೂ ಗೊತ್ತಾಗುವುದಿಲ್ಲ. ಇದನ್ನು ಗಿಂಡಿಯಂಥ ನೇತಿ ಪಾತ್ರೆಗೋ ಹಿಸುಕುವ ಬಾಟಲಿಗೋ ತುಂಬಿಸಿಕೊಳ್ಳಿ.

ಸಿಂಕಿನ ಮೇಲೆ ಬಾಗಿ. ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಹಣೆ ಮತ್ತು ಗಲ್ಲ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರಲಿ. ಬಾಯಿ ತೆರೆದು ಬಾಯಿಂದಲೇ ಉಸಿರಾಡಿ. ಮೇಲಿರುವ ಹೊಳ್ಳೆಗೆ ಪಾತ್ರೆಯ ಮೂತಿ ಇಟ್ಟು ನಿಧಾನ ಸುರಿಯಿರಿ. ಒಂದು ಕ್ಷಣ ಏನೂ ಆಗುವುದಿಲ್ಲ, ಆಮೇಲೆ ಕೆಳಗಿನ ಹೊಳ್ಳೆಯಿಂದ ನೀರು ತೊಟ್ಟಿಕ್ಕಿ, ಧಾರೆಯಾಗಿ ಇಳಿಯುತ್ತದೆ. ಗಂಟಲಿಗೆ ಬಂದರೆ ತಲೆ ಹಿಂದಕ್ಕೆ ವಾಲಿದೆ ಅಂತ ಅರ್ಥ, ಇನ್ನೂ ಮುಂದಕ್ಕೆ ಬಾಗಿ, ಬಂದದ್ದನ್ನು ಉಗಿಯಿರಿ. ಅರ್ಧ ನೀರು ಈ ಕಡೆ, ಅರ್ಧ ಆ ಕಡೆ. ಮುಗಿದ ಮೇಲೆ ಜೋರಾಗಿ ಸೀಟಬೇಡಿ, ನೀರು ಕಿವಿಯ ಕಡೆ ನುಗ್ಗುತ್ತದೆ. ಎರಡೂ ಹೊಳ್ಳೆ ತೆರೆದಿಟ್ಟು ಮೆಲ್ಲಗೆ ಊದಿ.

ಹೊರಗಿಂದ ಬಂದ ಮೇಲೆ ಒಮ್ಮೆ ಮಾಡಿದರೆ ಸಾಕು, ತೀರಾ ಕಾಡುವ ದಿನ ಇನ್ನೊಮ್ಮೆ. ಮಲಗುವುದಕ್ಕೆ ಸ್ವಲ್ಪ ಮೊದಲೇ ಮುಗಿಸಿ, ಇಲ್ಲವಾದರೆ ಉಳಿದ ನೀರು ದಿಂಬಿಗೆ ಸೋರುತ್ತದೆ. ಪಾತ್ರೆ ತೊಳೆದು ಪೂರ್ತಿ ಒಣಗಿಸಿಡಿ. ಕಿವಿ ಸೋಂಕು ಇದ್ದವರು, ಇತ್ತೀಚೆಗೆ ಮೂಗಿನ ಆಪರೇಷನ್ ಆದವರು, ಮೂಗು ಪೂರ್ತಿ ಕಟ್ಟಿದವರು ವೈದ್ಯರನ್ನು ಕೇಳದೆ ಮಾಡಬಾರದು. ಮಕ್ಕಳಿಗೂ ಅಷ್ಟೇ.

ಇನ್ನೆರಡು ಸಣ್ಣ ಉಪಾಯ. ಹೊರಗೆ ಹೊರಡುವಾಗ ಹೊಳ್ಳೆಯ ಸುತ್ತ ತೆಳ್ಳಗೆ ವ್ಯಾಸಲೀನ್ ಸವರಿಕೊಂಡರೆ ಒಂದಷ್ಟು ಪರಾಗ ಅಲ್ಲೇ ಅಂಟಿಕೊಳ್ಳುತ್ತದೆ. ಕಣ್ಣು ತುರಿಸಿದಾಗ ಉಜ್ಜಬೇಡಿ, ಉಜ್ಜಿದಷ್ಟೂ ಮಾಸ್ಟ್ ಕೋಶಗಳು ಕೆರಳಿ ತುರಿಕೆ ಏರುತ್ತದೆ. ತಣ್ಣೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಮುಚ್ಚಿದ ಕಣ್ಣಿನ ಮೇಲೆ ಇಟ್ಟುಕೊಳ್ಳಿ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಈ ದಿನಗಳಲ್ಲಿ ಕನ್ನಡಕಕ್ಕೆ ಬರುವುದು ಮೇಲು.

ಜೇನು, ಕಷಾಯ, ಹಬೆ

ಸ್ಥಳೀಯ ಜೇನುತುಪ್ಪ ತಿಂದರೆ ಸ್ಥಳೀಯ ಪರಾಗಕ್ಕೆ ದೇಹ ಒಗ್ಗಿಕೊಳ್ಳುತ್ತದೆ ಅನ್ನುವ ಮಾತು ಕೇಳಲು ಚೆನ್ನಾಗಿದೆ. ಆದರೆ ಜೇನು ತರುವುದು ಹೆಚ್ಚಾಗಿ ಹೂವಿನ ಅಂಟು ಪರಾಗ, ನಿಮ್ಮನ್ನು ಸೀನಿಸುವುದು ಹುಲ್ಲಿನ, ಮರದ ಹಾರುವ ಪರಾಗ. 2002ರಲ್ಲಿ ಅಮೆರಿಕದ ಕನೆಕ್ಟಿಕಟ್‌ನಲ್ಲಿ ನಡೆದ ಅಧ್ಯಯನವೊಂದರಲ್ಲಿ ಕೆಲವರಿಗೆ ಸ್ಥಳೀಯ ಜೇನು, ಕೆಲವರಿಗೆ ಬೇರೆ ಕಡೆಯ ಜೇನು, ಕೆಲವರಿಗೆ ಜೇನಿನ ವಾಸನೆ ಬೆರೆಸಿದ ಸಕ್ಕರೆ ಪಾಕ ಕೊಟ್ಟರು. ಪಾಕಕ್ಕಿಂತ ಜೇನು ಹೆಚ್ಚೇನೂ ಮಾಡಲಿಲ್ಲ. ರುಚಿಗೆ ತಿನ್ನಿ, ಗಂಟಲಿಗೆ ಹಿತ. ಒಂದು ವರ್ಷ ತುಂಬದ ಮಗುವಿಗೆ ಮಾತ್ರ ಕೊಡಲೇಬೇಡಿ, ಬಾಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರಬಹುದು.

ನೈಸರ್ಗಿಕ ಅಂದಾಕ್ಷಣ ನಿರಪಾಯ ಅಲ್ಲ. ಕ್ಯಾಮೊಮೈಲ್ ಚಹಾ ರ್‍ಯಾಗ್‌ವೀಡ್ ಎಂಬ ಕಳೆಯ ಕುಟುಂಬದ್ದೇ, ಆ ಕಳೆಯ ಅಲರ್ಜಿ ಇದ್ದವರಿಗೆ ಈ ಚಹಾದಿಂದಲೇ ಕೆರೆತ ಶುರುವಾಗಬಹುದು. ಬಟರ್‌ಬರ್ ಎಂಬ ಗಿಡದ ಮಾತ್ರೆ ಕೆಲವು ಅಧ್ಯಯನಗಳಲ್ಲಿ ಅಲರ್ಜಿ ಮಾತ್ರೆಯಷ್ಟೇ ಕೆಲಸ ಮಾಡಿತು. ಆದರೆ ಆ ಗಿಡದಲ್ಲಿ ಲಿವರ್‌ಗೆ ಹಾನಿ ಮಾಡುವ ಅಂಶಗಳಿವೆ, ನಾನಂತೂ ಯಾರಿಗೂ ಹೇಳುವುದಿಲ್ಲ. ಬಿಸಿ ಬಿಸಿಯಾಗಿ ಏನು ಕುಡಿದರೂ, ಹಬೆ ತೆಗೆದುಕೊಂಡರೂ ಕಟ್ಟಿದ ಮೂಗು ಸ್ವಲ್ಪ ಹೊತ್ತು ಬಿಟ್ಟ ಹಾಗೆ ಅನ್ನಿಸುತ್ತದೆ, ಅಷ್ಟೇ. ಕುದಿನೀರಿನ ಪಾತ್ರೆ ಮಗುಚಿ ಸುಟ್ಟುಕೊಂಡವರಿದ್ದಾರೆ, ಮಕ್ಕಳನ್ನು ಅದರ ಮುಂದೆ ಕೂರಿಸಬೇಡಿ.

ಯಾವಾಗ ವೈದ್ಯರ ಬಳಿ ಹೋಗಬೇಕು

ಇಷ್ಟೆಲ್ಲ ಮಾಡಿಯೂ ನಿದ್ದೆ ಕೆಡುತ್ತಿದೆ, ಕೆಲಸಕ್ಕೆ ತೊಂದರೆ ಆಗುತ್ತಿದೆ ಅಂದರೆ ಹಟ ಬೇಡ, ಔಷಧಿ ತೆಗೆದುಕೊಳ್ಳಿ. ಮೂಗಿಗೆ ಹಾಕುವ ಸ್ಟೀರಾಯ್ಡ್ ಸ್ಪ್ರೇ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಹಾಕಿದ ದಿನವೇ ಅಲ್ಲ. ನಿಮ್ಮ ಕಾಲ ಶುರುವಾಗುವ ಎರಡು ವಾರ ಮೊದಲೇ ಆರಂಭಿಸಬೇಕು, ಡೈರಿ ಇಟ್ಟದ್ದು ಇಲ್ಲೇ ಉಪಯೋಗಕ್ಕೆ ಬರುವುದು. ಮೂಗು ತೊಳೆದ ಮೇಲೆ ಸ್ಪ್ರೇ ಹಾಕಿ, ಮೊದಲು ಹಾಕಿದರೆ ನೀರಿನ ಜೊತೆ ಹೊರಟುಹೋಗುತ್ತದೆ. ಕಟ್ಟಿದ ಮೂಗನ್ನು ತಕ್ಷಣ ಬಿಡಿಸುವ ಹನಿಗಳು ಬೇರೆ ಜಾತಿ. ಅವನ್ನು ಮೂರ್ನಾಲ್ಕು ದಿನಕ್ಕಿಂತ ಹೆಚ್ಚು ಬಳಸಿದರೆ, ಹನಿ ಬಿಟ್ಟ ಕೂಡಲೇ ಮೂಗು ಮೊದಲಿಗಿಂತ ಬಿಗಿಯಾಗಿ ಕಟ್ಟುತ್ತದೆ.

ಉಸಿರಾಡುವಾಗ ಸುಂಯ್ ಸುಂಯ್ ಶಬ್ದ, ಎದೆ ಬಿಗಿತ, ರಾತ್ರಿ ಕೆಮ್ಮು ಶುರುವಾದರೆ ತಡ ಮಾಡದೆ ವೈದ್ಯರಿಗೆ ತೋರಿಸಿ. ಮಾತಾಡಲೂ ಆಗದಷ್ಟು ಉಸಿರು ಕಟ್ಟಿದರೆ ಸೀದಾ ಆಸ್ಪತ್ರೆಗೆ ಹೋಗಿ. ಆಸ್ತಮಾ ಇದ್ದವರು ಈ ಕಾಲ ಮುಗಿಯುವ ತನಕ ಇನ್‌ಹೇಲರ್ ಜೇಬಿನಲ್ಲೇ ಇಟ್ಟುಕೊಳ್ಳಿ, ಅದರ ಎಕ್ಸ್‌ಪೈರಿ ದಿನಾಂಕ ಇವತ್ತೇ ನೋಡಿ.