ಪಂಪಿಂಗ್ ಕಡಿಮೆ, ಜೊತೆಗೆ ವಾಲ್ವ್ ಲೀಕ್: ಎಕೋ ರಿಪೋರ್ಟ್ ಓದುವುದು ಹೇಗೆ?

ನಾನು ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ಎಕೋ (ಹೃದಯದ ಸ್ಕ್ಯಾನ್) ಟೆಕ್ನಿಷಿಯನ್. ಊರು ಕುಂದಾಪುರದ ಕಡೆ. ಕನ್ನಡ ಕೇಳಿದ ಕೂಡಲೇ ನಮ್ಮ ಜನ ರಿಪೋರ್ಟ್ ಹಿಡಿದು ಪಕ್ಕಕ್ಕೆ ಕರೆಯುತ್ತಾರೆ. "ಪಂಪಿಂಗ್ 30 ಅಂತೆ, ವಾಲ್ವೂ ಲೀಕ್ ಅಂತೆ. ಎರಡೆರಡು ಕಾಯಿಲೆಯಾ?" ಎಷ್ಟೋ ಸಲ ಎರಡಲ್ಲ. ಹೃದಯದ ಸ್ನಾಯು ಸೋತದ್ದಕ್ಕೇ ವಾಲ್ವ್ ಸೋರುತ್ತಿರುತ್ತದೆ. (ಪಂಪಿಂಗ್ ಅಂದರೆ ರಿಪೋರ್ಟಿನ 'ಇಎಫ್': ಎಡ ಕೆಳಕೋಣೆ ಒಂದು ಬಡಿತಕ್ಕೆ ತನ್ನೊಳಗಿನ ರಕ್ತದಲ್ಲಿ ಶೇಕಡಾ ಎಷ್ಟನ್ನು ಹೊರಗೆ ತಳ್ಳುತ್ತದೆ ಅನ್ನುವ ಲೆಕ್ಕ.)

ಮೊದಲು 'ಮೈಟ್ರಲ್ ವಾಲ್ವ್' ಅನ್ನುವ ಸಾಲು ಹುಡುಕಿ. ಹೃದಯದ ಎಡಬದಿಯ ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ ನಡುವಿನ ಬಾಗಿಲು ಅದು. ಅಲ್ಲಿ ರುಮ್ಯಾಟಿಕ್, ಕ್ಯಾಲ್ಸಿಫೈಡ್, ಪ್ರೊಲ್ಯಾಪ್ಸ್ ಅಂತೆಲ್ಲ ಇದ್ದರೆ ವಾಲ್ವಿಗೇ ಏನೋ ಆಗಿದೆ, ಅದರ ದಾರಿ ಬೇರೆ. ನಾರ್ಮಲ್, ಫಂಕ್ಷನಲ್, ಸೆಕೆಂಡರಿ, ಟೆಥರ್ಡ್ ಅಂತ ಇದ್ದರೆ ಮುಂದೆ ಓದಿ.

ಈಗ 'ಎಲ್‌ವಿಐಡಿ-ಡಿ' ನೋಡಿ. ಎಡ ಕೆಳಕೋಣೆ ಪೂರ್ತಿ ಹಿಗ್ಗಿದಾಗಿನ ಅಗಲ ಅದು. ಗಂಡಸರಲ್ಲಿ ಸುಮಾರು 58, ಹೆಂಗಸರಲ್ಲಿ 52 ಮಿಲಿಮೀಟರ್ ದಾಟಿದರೆ ದೊಡ್ಡದಾಗಿದೆ ಅಂತ ಲೆಕ್ಕ. ಸೋರಿಕೆಯ ಮೂಲ ಬಹುಮಟ್ಟಿಗೆ ಇಲ್ಲೇ ಇರುತ್ತದೆ. ಮೈಟ್ರಲ್ ವಾಲ್ವಿನ ಎರಡು ಎಸಳುಗಳನ್ನು ಸಣ್ಣ ದಾರಗಳು ಹಿಡಿದಿರುತ್ತವೆ. ಆ ದಾರಗಳ ಇನ್ನೊಂದು ತುದಿ ಕೋಣೆಯ ಗೋಡೆಗೆ ಅಂಟಿದ ಎರಡು ಸ್ನಾಯುಕಂಬಗಳಲ್ಲಿದೆ. ಗೋಡೆ ಹೊರಗೆ ಉಬ್ಬಿದರೆ ಕಂಬಗಳೂ ದೂರ ಸರಿಯುತ್ತವೆ. ದಾರ ಉದ್ದ ಆಗುವುದಿಲ್ಲ, ಎಸಳನ್ನೇ ಕೆಳಗೆ ಎಳೆಯುತ್ತದೆ. ವಾಲ್ವಿನ ಬಳೆಯೂ ಅಗಲವಾಗುತ್ತದೆ. ಸೋತ ಸ್ನಾಯುವಿಗೆ ಎಸಳನ್ನು ಒತ್ತಿ ಮುಚ್ಚಿಸುವಷ್ಟು ಜೋರೂ ಇಲ್ಲ. ನನ್ನ ಸ್ಕ್ರೀನಿನಲ್ಲಿ ಇದು ಚೆನ್ನಾಗಿ ಕಾಣುತ್ತದೆ: ಎಸಳುಗಳು ಬಳೆಯ ಮಟ್ಟಕ್ಕೆ ಬಾರದೆ ಟೆಂಟಿನ ಹಾಗೆ ಕೆಳಗೇ ನಿಲ್ಲುತ್ತವೆ. ನಡುವಿನ ಸಂದಿಯಿಂದ ರಕ್ತ (ಸ್ಕ್ರೀನಿನಲ್ಲಿ ನೀಲಿ ಬಣ್ಣ) ಮೇಲಿನ ಕೋಣೆಗೆ ಚಿಮ್ಮುತ್ತದೆ. ಹಿಂದೆ ಹೋದ ಆ ರಕ್ತ ಮುಂದಿನ ಬಡಿತದಲ್ಲಿ ಮತ್ತೆ ಕೆಳಗೇ ಬರಬೇಕಲ್ವಾ? ಆ ಭಾರಕ್ಕೆ ಕೋಣೆ ಇನ್ನಷ್ಟು ಹಿಗ್ಗುತ್ತದೆ, ಸೋರಿಕೆ ಇನ್ನೂ ಜಾಸ್ತಿ.

ಇಡೀ ಕೋಣೆಯೇ ಸೋತಿರಬೇಕು ಅಂತಿಲ್ಲ. ಹಳೇ ಹಾರ್ಟ್ ಅಟ್ಯಾಕ್‌ನಿಂದ ಕೆಳಗಿನ ಗೋಡೆ ಮಾತ್ರ ಹೋಗಿದ್ದರೂ ಒಂದು ಕಂಬ ಸರಿದು ಸೋರಿಕೆ ಶುರುವಾಗಬಹುದು. ಇಸಿಜಿಯನ್ನೂ ಜೊತೆಗಿಟ್ಟುಕೊಳ್ಳಿ. 'ಎಲ್‌ಬಿಬಿಬಿ' (ಎಡ ಕೆಳಕೋಣೆಗೆ ವಿದ್ಯುತ್ ಸಂದೇಶ ತಡವಾಗಿ ತಲುಪುವುದು) ಇದ್ದರೆ ಗೋಡೆಗಳು ಒಟ್ಟಿಗೆ ಕುಗ್ಗುವುದಿಲ್ಲ, ಎಸಳುಗಳಿಗೂ ತಾಳ ತಪ್ಪುತ್ತದೆ. 'ಎಎಫ್' (ಮೇಲಿನ ಕೋಣೆಗಳ ತಾಳತಪ್ಪಿದ ಬಡಿತ) ಇದ್ದರೆ ಮೇಲಿನ ಕೋಣೆ ಹಿಗ್ಗಿ ಬಳೆಯನ್ನು ಅಗಲ ಮಾಡುತ್ತದೆ.

ಇನ್ನು ಮೈಲ್ಡ್, ಮಾಡರೇಟ್, ಸಿವಿಯರ್ ಅನ್ನುವ ಮಾತು. ಈ ಬಗೆಯ ಸೋರಿಕೆ ದಿನದಿಂದ ದಿನಕ್ಕೆ ಬದಲಾಗುತ್ತದೆ. ಬಿಪಿ ಏರಿದಾಗ, ಮೈಯಲ್ಲಿ ನೀರು ತುಂಬಿದಾಗ ಜಾಸ್ತಿ; ಮೂತ್ರ ಹೆಚ್ಚಿಸುವ 'ನೀರಿನ ಮಾತ್ರೆ' ತಗೊಂಡು ನೀರು ಇಳಿದ ಮೇಲೆ ಕಡಿಮೆ. ಅದಕ್ಕೇ ಎಕೋ ಮಾಡುವಾಗಿನ ಬಿಪಿ ಬರೆಸಿಕೊಳ್ಳಿ. ಪಂಪಿಂಗ್ ಸಂಖ್ಯೆಯನ್ನೂ ಪೂರ್ತಿ ನಂಬಬೇಡಿ. ಹಿಂದಕ್ಕೆ ಸೋರಿದ ರಕ್ತವೂ ಅದರ ಲೆಕ್ಕಕ್ಕೆ ಸೇರುತ್ತದೆ, ಹೃದಯ ಇರುವುದಕ್ಕಿಂತ ಗಟ್ಟಿ ಅನಿಸುತ್ತದೆ.

ಡಾಕ್ಟರ ಹತ್ತಿರ "ಆಪರೇಷನ್ ಯಾವಾಗ?" ಅಂತ ಶುರು ಮಾಡಬೇಡಿ. "ಹೃದಯದ ಮಾತ್ರೆಗಳು ನನ್ನ ಮೈ ತಾಳುವಷ್ಟು ಪೂರ್ತಿ ಡೋಸಿಗೆ ಬಂದಿವೆಯಾ?" ಅಂತ ಕೇಳಿ. ಕೋಣೆ ಕುಗ್ಗಿದರೆ ಸೋರಿಕೆಯೂ ಇಳಿಯಬಹುದು. ಎಲ್‌ಬಿಬಿಬಿ ಇದ್ದವರು ಗೋಡೆಗಳನ್ನು ಒಟ್ಟಿಗೆ ಕುಗ್ಗಿಸುವ ಸಿಆರ್‌ಟಿ ಪೇಸ್‌ಮೇಕರ್ ಬಗ್ಗೆ ಕೇಳಲಿ. ಕಾಲಿನ ರಕ್ತನಾಳದಿಂದ ಹೋಗಿ ಎಸಳುಗಳಿಗೆ ಹಾಕುವ ಕ್ಲಿಪ್ ಆಮೇಲಿನ ಮಾತು. ದುಬಾರಿ, ಎಲ್ಲರಿಗೂ ಅಲ್ಲ. 2018ರಲ್ಲಿ ಈ ಕ್ಲಿಪ್ ಬಗ್ಗೆ ಎರಡು ದೊಡ್ಡ ಅಧ್ಯಯನಗಳು ಬಂದವು. ಕೋಆಪ್ಟ್‌ನಲ್ಲಿ ಲಾಭ ಕಂಡಿತು, ಮಿತ್ರಾ-ಎಫ್‌ಆರ್‌ನಲ್ಲಿ ಕಾಣಲಿಲ್ಲ. ಯಾರಿಗೆ ಹಾಕುತ್ತಾರೆ ಅನ್ನುವುದೇ ಮುಖ್ಯ.

ಮನೆಯಲ್ಲಿ ಬೆಳಿಗ್ಗೆ ಸಂಡಾಸಿಗೆ ಹೋಗಿ ಬಂದು, ತಿಂಡಿಗೆ ಮುಂಚೆ ತೂಕ ನೋಡಿ ಬರೆದಿಡಿ. ಮೂರು ದಿನದಲ್ಲಿ 2 ಕಿಲೋಗಿಂತ ಏರಿದರೆ ಅದು ಕೊಬ್ಬಲ್ಲ, ನೀರು. ಡಾಕ್ಟರಿಗೆ ಫೋನ್ ಮಾಡಿ. ಉಪ್ಪು ಜಾಸ್ತಿ ಇರುವ ಹಪ್ಪಳ, ಮಿಡಿ ಉಪ್ಪಿನಕಾಯಿ ಊರಿಂದ ಬಂದದ್ದಾದರೂ ದೂರ ಇಡಿ. (ನಮ್ಮವರು ಇದಕ್ಕೆ ಮಾತ್ರ ಒಪ್ಪುವುದಿಲ್ಲ.) ಮಂಡಿ ನೋವಿಗೆ ಸುಮ್ನೆ ಮೆಡಿಕಲ್‌ನಿಂದ ಐಬುಪ್ರೊಫೆನ್, ಡೈಕ್ಲೊಫೆನಾಕ್ ತಂದು ನುಂಗಬೇಡಿ, ಅವು ನೀರನ್ನು ಹಿಡಿದಿಡುತ್ತವೆ. ಸ್ಟೇಷನ್ ಸೇತುವೆಯ ಮೆಟ್ಟಿಲಲ್ಲಿ ಮೊದಲಿಗಿಂತ ಬೇಗ ಏದುಸಿರು ಬಂದರೆ, ರಾತ್ರಿ ದಿಂಬು ಜಾಸ್ತಿ ಬೇಕಾದರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ಮಲಗಿದಲ್ಲಿಂದ ಉಸಿರು ಸಿಗದೆ ಎದ್ದು ಕೂತರೆ ಆ ರಾತ್ರಿಯೇ ಆಸ್ಪತ್ರೆಗೆ ಹೋಗಿ, ಹಳೇ ಎಕೋ ರಿಪೋರ್ಟ್ ಜೊತೆಗಿರಲಿ.